ಅತ್ತೆಯ ಮುಖದ ಸರಿಯಾದ ಬಣ್ಣ

ಲಿಫ್ಟ್ ರಿಪೇರಿ ಮಾಡುವವನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಬೇಡಿಕೆ. ಅತ್ತೆಯ ಬಾಯಿಂದ ಒಂದೇ ಒಂದು ಸಲ ‘ಪರವಾಗಿಲ್ಲ’ ಅನ್ನಿಸಿಕೊಳ್ಳಬೇಕು. ಆ ಮಾತಿಗೆ ಅತ್ತೆ ಜಿಪುಣರೇನಲ್ಲ. ಹಾಲಿನವನು ಪರವಾಗಿಲ್ಲ, ಎದುರುಮನೆಯ ನಾಯಿ ಪರವಾಗಿಲ್ಲ. ಅಳಿಯ ಹೇಗೆ ಎಂದು ಯಾರಾದರೂ ಕೇಳಿದರೆ ಮಾತ್ರ, “ಇದ್ದಾರೆ” ಎನ್ನುತ್ತಿದ್ದರು. (ಜನಗಣತಿಯವರು ಬಂದಾಗ ಕೊಟ್ಟದ್ದೂ ಇದೇ ಉತ್ತರ.)

ಅತ್ತೆ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ನಿವೃತ್ತರಾದವರು. ಅರ್ಧ ಊರು ಅವರ ಕೈಯಲ್ಲಿ ತಲೆಕೆಳಗಾಗಿ ನೇತಾಡಿ, ಕುಂಡೆಗೆ ಏಟು ತಿಂದೇ ಅಳಲು ಕಲಿತದ್ದು. ಎರಡು ಬೀದಿ ಆಚೆ ಹಿರಿಮಗನ ಮನೆಯಲ್ಲಿ ಅವರ ವಾಸ. ಒಂದು ದಿನ ಅಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಘೋಷಣೆ ಹೊರಬಿತ್ತು.

“ನಾನು ಬದುಕಿರೋವಾಗ್ಲೇ ನಂದೊಂದು ಒಳ್ಳೆ ಫೋಟೋ ಮಾಡಿಸಿ ಗೋಡೆಗೆ ಹಾಕಿ. ಆಮೇಲೆ ಗಡಿಬಿಡೀಲಿ ಗುರುತಿನ ಚೀಟಿ ಫೋಟೋನೇ ದೊಡ್ಡದು ಮಾಡಿಸ್ತೀರಿ. ಅದರಲ್ಲಿ ನಾನು ಪೊಲೀಸರಿಗೆ ಬೇಕಾದೋಳ ಥರ ಇದೀನಿ.”

“ಅದಕ್ಕೆ ಸ್ಟುಡಿಯೋ ಯಾಕೆ ಅತ್ತೆ? ನಾನಿಲ್ವಾ?” ಎಂದು ಅಳಿಯ ಎದೆ ತಟ್ಟಿಕೊಂಡ.

“ಇದೀರಿ,” ಎಂದರು ಅತ್ತೆ. ಅದೇ ಹಳೇ ಜನಗಣತಿ.

ಮೋಡ ಕವಿದ ಬೆಳಿಗ್ಗೆ, ತಾರಸಿಯ ಮೇಲೆ, ಕಂದು ಶಾಲು ಹೊದೆಸಿ ಫೋಟೋ ತೆಗೆದ. ಕಂಪ್ಯೂಟರಿಗೆ ಹಾಕಿ ನೋಡಿದರೆ ಕೆನ್ನೆಯಲ್ಲಿ ರಕ್ತ, ಕಣ್ಣಲ್ಲಿ ಅಧಿಕಾರ. ಬಸ್ ಕಂಡಕ್ಟರ್ ಕೆಲಸ ಮುಗಿಸಿ ಬಂದ ಹೆಂಡತಿ ಚೀಲವನ್ನೂ ಇಳಿಸದೆ ನಿಂತುಬಿಟ್ಟಳು.

“ಅಯ್ಯೋ, ಈಗ ಬೈತಾಳೆ ಅನ್ನಿಸುತ್ತೆ ಕಣ್ರೀ!”

“ಅಂದ್ರೆ ಹೋಲಿಕೆ ಬಂದಿದೆ ಅಂತಾಯ್ತು. ಅತ್ತೆಗೆ ಮಾತ್ರ ಈಗಲೇ ತೋರಿಸಬೇಡ. ಕಾಗದದ ಮೇಲೇ ನೋಡ್ಲಿ, ಬೆರಗಾಗ್ಲಿ.”

ಹೊಸ ಪ್ರಿಂಟರ್ ಗರಗರ ಅಂದು ಕಾಗದ ಉಗುಳಿತು. ಅವನು ಅದನ್ನು ಭಾವನ ಮನೆಗೆ ಒಯ್ದ. ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ಕಿಟಕಿಗೆ ಹಿಡಿದರು.

“ಕಾಮಾಲೆ,” ಎಂದರು. “ಮಗು ಆಗಿದ್ರೆ ಎಳೆ ಬಿಸಿಲಲ್ಲಿ ಮಲಗಿಸ್ತಿದ್ದೆ.”

ಅಳಿಯ ಪ್ರಿಂಟರಿನಲ್ಲಿ ಹಳದಿ ಇಳಿಸಿದ. ಮುಖ ನೀಲಿಯಾಯಿತು. “ಉಸಿರು ಕಟ್ಟಿದೆ, ಡಾಕ್ಟರನ್ನ ಕರೀರಿ.” ಕೆಂಪು ಏರಿಸಿದ. “ದಡಾರ.” ಎಲ್ಲವನ್ನೂ ಇಳಿಸಿದ. “ಮೈಯಲ್ಲಿ ರಕ್ತಾನೇ ಇಲ್ಲ. ಸೊಪ್ಪು ತಿನ್ನಿಸಿ.” ಸ್ಕ್ರೀನಿನ ಮೇಲಿನ ಅತ್ತೆ ಮಾತ್ರ ಕೆಂಪಗೆ, ಗಟ್ಟಿಮುಟ್ಟಾಗಿ, ಈ ರೋಗಿಗಳಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಕೂತಿದ್ದರು.

“ರೀ, ನಮ್ಮಮ್ಮನಿಗೆ ಹುಟ್ಟಿದಾಗಿಂದ ಒಂದು ನೆಗಡಿ ಬಂದಿಲ್ಲ,” ಎಂದಳು ಹೆಂಡತಿ. “ನೀವು ಒಂದು ವಾರದಲ್ಲಿ ಇಡೀ ಆಸ್ಪತ್ರೆ ತಂದುಬಿಟ್ರಲ್ಲ!”

ಅವನು ರೋಗಿಗಳನ್ನು ಕಂಕುಳಲ್ಲಿ ಅವುಚಿಕೊಂಡು ಮುದ್ರಣದಂಗಡಿಗೆ ಓಡಿದ. ಅಂಗಡಿಯವನು ಕಾಗದಗಳನ್ನು ನೋಡಲೇ ಇಲ್ಲ.

“ನಿಮ್ಮ ರೂಮಿನ ಗೋಡೆ ಯಾವ ಬಣ್ಣ?”

“ಕಿತ್ತಳೆ.”

ಅಂಗಡಿಯವನು ಹಣೆ ಚಚ್ಚಿಕೊಂಡ. “ಸ್ಕ್ರೀನಿಗೆ ಅದರದ್ದೇ ಬೆಳಕಿದೆ ಸಾರ್. ಕಾಗದಕ್ಕೆ ಎಲ್ಲಿದೆ? ಅದು ರೂಮಿನ ಬೆಳಕಲ್ಲೇ ಕಾಣಬೇಕು. ಗೋಡೆ ಕಿತ್ತಳೆ ಇದ್ರೆ ಮುಖಾನೂ ಹಾಗೇ ಕಾಣುತ್ತೆ, ನೀವು ಅದನ್ನ ತಿದ್ದೋಕೆ ಹೋಗಿ ಇನ್ನೊಂದನ್ನ ಕೆಡಿಸ್ತೀರಿ. ಬಣ್ಣ ನೋಡೋ ರೂಮಿಗೆ ನಾವು ಬೂದು ಹೊಡೆದಿರ್ತೀವಿ. ಬಲ್ಬು ಬೆಳ್ಳಗಿರಲಿ. ಸ್ಕ್ರೀನನ್ನೂ ಸರ್ಕಸ್ ಡೇರೆ ಥರ ಉರಿಸಬೇಡಿ, ತಗ್ಗಿಸಿ. ಇಲ್ಲಾ, ಇಲ್ಲಿ ಕೊಡಿ, ನಾನೇ ಮಾಡಿಕೊಡ್ತೀನಿ.”

(ಕೊಟ್ಟಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ‘ಪರವಾಗಿಲ್ಲ’ ಅಂಗಡಿಯವನಿಗೆ ಹೋಗಿಬಿಟ್ಟರೆ?)

ಮರುದಿನ ಹೆಂಡತಿ ಕೆಲಸದಿಂದ ಬಂದು ಬಾಗಿಲಲ್ಲೇ ಕಂಬದಂತೆ ನಿಂತಳು.

“ಏನ್ರೀ ಇದು! ಸಿಮೆಂಟ್ ಲಾರಿ ಏನಾದ್ರೂ ಗುದ್ದಿತಾ?”

“ಬೂದು ಕಣೇ. ತಟಸ್ಥ ಬಣ್ಣ. ಯಾರ ಪಕ್ಷಾನೂ ವಹಿಸಲ್ಲ.”

“ತಟಸ್ಥರನ್ನ ನಾನು ಬಸ್ಸಲ್ಲಿ ದಿನಾ ನೋಡ್ತೀನಿ. ಗಲಾಟೆ ಆದ್ರೆ ಕಿಟಕಿ ಕಡೆ ತಿರುಗಿ ಕೂರೋ ಜಾತಿ.”

ಗೋಡೆಯ ನಂತರ ಹೂವಿನ ಪರದೆಗಳು ಹೋದವು. ಸೋಫಾದ ಮೇಲೆ ಬೂದು ಬೆಡ್‌ಶೀಟು ಬಿತ್ತು. ಅಷ್ಟಕ್ಕೆ ನಿಂತಿದ್ದರೂ ಶಾಂತಿ ಉಳಿಯುತ್ತಿತ್ತೇನೋ. ಹೊಸ ಪ್ರಿಂಟನ್ನು ಬಿಳಿ ಬಲ್ಬಿನ ಕೆಳಗೆ ಹಿಡಿದು ಅವನು ಹುಬ್ಬು ಗಂಟಿಕ್ಕಿದ.

“ನೀನು ಸ್ವಲ್ಪ ಆಚೆ ನಿಲ್ಲು. ನಿನ್ನ ಕೆಂಪು ಸ್ವೆಟರ್ ಅತ್ತೆ ಕೆನ್ನೆ ಮೇಲೆ ಬೀಳ್ತಿದೆ.”

“ನನ್ನ ಮನೇಲಿ ನಾನು ಯಾವ ಬಣ್ಣದಲ್ಲಿ ಓಡಾಡಬೇಕು ಅಂತ ನಿಮ್ಮ ಪ್ರಿಂಟರ್ ಹೇಳುತ್ತಾ?”

“ಪ್ರಿಂಟರ್ ಅಲ್ಲ ಕಣೇ, ವಿಜ್ಞಾನ ಹೇಳುತ್ತೆ.”

“ಹಾಗಾದ್ರೆ ಅನ್ನಾನೂ ವಿಜ್ಞಾನಾನೇ ಬೇಯಿಸಲಿ.”

ಒಲೆ ಆರಿತು. ಅನಿರ್ದಿಷ್ಟಾವಧಿ ಮುಷ್ಕರ. ಕೆಂಪು ಸ್ವೆಟರ್ ಅಡುಗೆಮನೆ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿತು. ಆಡಳಿತವರ್ಗ ಮೊದಲು ಗದರಿತು, ಆಮೇಲೆ ಹಲ್ಲು ಗಿಂಜಿತು, ಹೊಟ್ಟೆ ಚುರುಗುಟ್ಟತೊಡಗಿದಾಗ ಮಾತುಕತೆಗೆ ಬಂದಿತು. ಸ್ವೆಟರಿಗೆ ಮನೆಯಿಡೀ ಓಡಾಡುವ ಹಕ್ಕು, ಮಲಗುವ ಕೋಣೆಗೆ ಹೂವಿನ ಪರದೆ, ಪಾತ್ರೆ ತೊಳೆಯುವುದು ಗಂಡನ ಪಾಲಿಗೆ. ಎಲ್ಲಕ್ಕೂ ಒಪ್ಪಿ, ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಅವನು ಪಾತ್ರೆ ತೊಳೆದ.

ಆದರೆ ಹಟ ಫಲಿಸಿತು. ಒಂದು ಮಧ್ಯಾಹ್ನ ಪ್ರಿಂಟರಿನಿಂದ ಇಳಿದ ಕಾಗದವನ್ನು ಸ್ಕ್ರೀನಿನ ಪಕ್ಕ ಹಿಡಿದರೆ, ಇಬ್ಬರು ಅತ್ತೆಯಂದಿರೂ ಒಂದೇ ಬಣ್ಣ! ಚೌಕಟ್ಟು ಹಾಕಿಸಿ ಬೂದು ಗೋಡೆಗೆ ತೂಗುಹಾಕಿ, ನಿಜವಾದ ಅತ್ತೆಯನ್ನು ಕರೆತಂದ.

ಅತ್ತೆ ಹತ್ತಿರ ಹೋದರು, ದೂರ ಬಂದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಫೋಟೋದ ಕಣ್ಣಿನ ಕೆಳಗೆ ಬೆರಳಿಟ್ಟು, ರಕ್ತ ಇದೆಯೇ ಎಂದು ನೋಡುವವರಂತೆ ನೋಡಿದರು.

“ಪರವಾಗಿಲ್ಲ,” ಎಂದರು ಅತ್ತೆ.

ಅಡುಗೆಮನೆಗೆ ಹೋಗಿ ಅವನು ನಲ್ಲಿ ಬಿಟ್ಟು ಮುಖ ತೊಳೆದುಕೊಂಡ. ಕಣ್ಣಿಗೆ ಮಸಿ ಹಾರಿತು ಎಂದ. ಹೆಂಡತಿ ನಂಬಲಿಲ್ಲ, ಆದರೆ ಟವೆಲ್ ಕೊಟ್ಟಳು.

ಸಂಜೆ ಮೆರವಣಿಗೆಯಂತೆ ಫೋಟೋ ಭಾವನ ಮನೆಗೆ ಹೋಯಿತು. ಅಲ್ಲಿನ ಗೋಡೆ ಗುಲಾಬಿ, ದೀಪ ಹಳದಿ. ಮೊಳೆಗೆ ಏರಿದ್ದೇ ತಡ, ಅತ್ತೆಯ ಮುಖ ಬೇಯಿಸಿದ ಬೀಟ್‌ರೂಟಿನಂತಾಯಿತು.

“ಏನಯ್ಯಾ, ಅಮ್ಮ ಕುಡಿದು ಬಂದ ಹಾಗಿದಾಳಲ್ಲ!” ಎಂದ ಭಾವ.

“ಭಾವ, ಗೋಡೆಗೆ ಒಂದು ಕೈ ಬೂದು ಹೊಡೆಸಿಬಿಟ್ರೆ...”

“ಹೊಡೆಸ್ಲಿ!” ಎಂದು ಭಾವನ ಹೆಂಡತಿ ಸೌಟು ಹಿಡಿದೇ ಹೊರಬಂದಳು. “ನಾನು ತವರಿಗೆ ಹೋದ ಮೇಲೆ ಹೊಡೆಸ್ಲಿ!”

ಅತ್ತೆ ಕೈಯೆತ್ತಿ ವಾರ್ಡನ್ನು ಸುಮ್ಮನಾಗಿಸಿದರು. “ಫೋಟೋ ಅಳಿಯಂದ್ರ ಮನೇಲೇ ಇರಲಿ. ಅಲ್ಲೇ ನನ್ನ ಮುಖ ನನ್ನ ಥರ ಇದೆ.” ಅಳಿಯ ಹಿಗ್ಗುವಷ್ಟರಲ್ಲಿ ಮಾತು ಮುಂದುವರಿಯಿತು. “ನಾನೂ ಅಲ್ಲೇ ಇರ್ತೀನಿ. ಫೋಟೋ ಒಂದು ಕಡೆ ನಾನೊಂದು ಕಡೆ ಇದ್ರೆ ನೋಡಿದೋರು ಏನಂತಾರೆ?”

ವಾಕ್ಯ ಮುಗಿಯುವ ಮೊದಲೇ ಭಾವ ಅಮ್ಮನ ಪೆಟ್ಟಿಗೆ ತುಂಬಿಸಿ ಬಾಗಿಲಿಗೆ ತಂದಿಟ್ಟಿದ್ದ. ಅವನು ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಅಳಿಯನಿಗೇನೂ ಬೇಸರವಾಗಲಿಲ್ಲ. ಪರವಾಗಿಲ್ಲ ಅಂದ ಬಾಯಿ. ಪೆಟ್ಟಿಗೆಯನ್ನು ತಾನೇ ಹೊತ್ತು ತಂದ, ಸೋಫಾ ಸರಿಸಿ ಬೂದು ರೂಮಿನಲ್ಲೇ ಮಂಚ ಹಾಕಿಕೊಟ್ಟ. ಒಂದಷ್ಟು ದಿನ ಅತ್ತೆ ಬಡಿಸಿದ್ದನ್ನೆಲ್ಲ ಉಂಡರು. ಆಮೇಲೆ ತಟ್ಟೆ ದೂಡಿದರು.

“ಅಳಿಯಂದ್ರೇ, ಈ ಗೋಡೆ ನೋಡಿದ್ರೆ ಊಟ ಸೇರಲ್ಲ. ಶವಾಗಾರದ ಪಕ್ಕದ ವರಾಂಡ ಹೀಗೇ ಇತ್ತು. ಹಸಿರು ಹೊಡೀರಿ. ಗಿಳಿ ಹಸಿರು.”

ಬೆಳಕು, ಕಾಗದ, ಗೋಡೆ, ಈ ಮೂರರ ಸಂಬಂಧದ ಬಗ್ಗೆ ಅವನು ದೀರ್ಘ ಭಾಷಣ ಮಾಡಿದ. “ಬೂದು ಹೋದ್ರೆ ಫೋಟೋದಲ್ಲಿ ನಿಮ್ಮ ಮುಖ ಕೆಡುತ್ತೆ ಅತ್ತೆ!”

“ಫೋಟೋ ನಾನು ಸತ್ತ ಮೇಲೆ ನೋಡೋಕೆ. ಗೋಡೆ ನಾನು ಬದುಕಿರೋವಾಗ ನೋಡೋಕೆ. ಯಾವುದು ಮೊದಲು ನೀವೇ ಹೇಳಿ.”

ಅವನು ಬೆಂಬಲಕ್ಕಾಗಿ ಹೆಂಡತಿಯ ಮುಖ ನೋಡಿದ. ಕಂಡಕ್ಟರಮ್ಮ ಕಿಟಕಿ ಕಡೆ ತಿರುಗಿ ಕೂತಳು.

ರಜೆಯ ದಿನ ಅವನು ಏಣಿ ಹತ್ತಿದ. ಗೋಡೆಯಿಂದ ಇಳಿಸಿದ ಫೋಟೋ ಹಳೇ ಪೇಪರಿನಲ್ಲಿ ಸುತ್ತಿಸಿಕೊಂಡು ಮಂಚದ ಕೆಳಗೆ ಸೇರಿತು. ಅರ್ಧ ಗೋಡೆ ಹಸಿರಾಗುವ ಹೊತ್ತಿಗೆ, ಅಮ್ಮನಿಗೆ ಹೊತ್ತು ಹೋಗಲಿ ಎಂದು ಮಗಳು ಕಂಪ್ಯೂಟರ್ ಹಾಕಿ ಮುಂದೆ ಕೂರಿಸಿದಳು.

“ಇವಳು ಯಾರೇ, ಇಷ್ಟು ಲಕ್ಷಣವಾಗಿದಾಳೆ?”

“ನೀನೇ ಕಣಮ್ಮ.”

“ನಾನಾ!” ಅತ್ತೆ ಕುರ್ಚಿ ಮುಂದಕ್ಕೆಳೆದುಕೊಂಡರು. “ಇದು ಯಾವಾಗ ಬಂತು?”

“ಮೊದಲಿಂದಲೂ ಇಲ್ಲೇ ಇತ್ತಲ್ಲ.”

ಅತ್ತೆ ಬಹಳ ಹೊತ್ತು ತಮ್ಮನ್ನು ತಾವೇ ನೋಡಿಕೊಂಡರು. ಆಮೇಲೆ ನಿಧಾನವಾಗಿ ಏಣಿಯ ಕಡೆ ತಿರುಗಿದರು.

“ಅಲ್ಲ ಅಳಿಯಂದ್ರೇ, ಇಲ್ಲೇ ಇಷ್ಟು ಚೆನ್ನಾಗಿ ಕೂತಿದ್ದೋಳನ್ನ ಕಾಗದಕ್ಕೆ ಇಳಿಸಿ ಅಂತ ನಿಮಗೆ ಹೇಳಿದ್ಯಾರು?”

ಅವನು ಎರಡು ಮಹಡಿಗಳ ನಡುವೆ ಕೆಟ್ಟುನಿಂತ ಲಿಫ್ಟಿನಂತೆ ಏಣಿಯ ಮೇಲೆ ನಿಂತೇ ಇದ್ದ. ಎತ್ತಿದ ಬ್ರಷ್ಷಿನಿಂದ ಹಸಿರು ಇಳಿದಿಳಿದು ಮೊಣಕೈ ತಲುಪಿತು.

“ಯಾಕೆ ನಿಂತ್ರಿ? ಆ ಮೂಲೆ ಬಿಟ್ಟಿದೀರಿ ನೋಡಿ,” ಎಂದರು ಅತ್ತೆ.