ನೂರೆಪ್ಪತ್ತು ಸೆಂಟಿಮೀಟರಿನ ಗಂಡಸು

ಬಾಡಿಗೆ ಕಿಮೋನೊ ತೊಟ್ಟು ಊರು ಸುತ್ತುವ ಗಂಡಸರಿಗೆ ಬುದ್ಧಿ ಹೇಳುವ ಅರ್ಹತೆ ಈ ತೊಯಾಮಾ ಸೀಮೆಯಲ್ಲಿ ಯಾರಿಗಾದರೂ ಇದ್ದರೆ ಅದು ನನಗೇ! ಹೆಂಗಸರಿಗೆ ಹೇಳಿಕೊಡಲು ಬೇಕಾದಷ್ಟು ಜನ ಇದ್ದಾರೆ. ಗಂಡಸು ಬಡಪಾಯಿ. ಅವನನ್ನು ಅಂಗಡಿಯ ಹಿಂದಿನ ಪರದೆಯ ಮರೆಗೆ ತಳ್ಳಿ, ನಿಮ್ಮದೇನು ಐದು ನಿಮಿಷದ ಕೆಲಸ ಎಂದುಬಿಡುತ್ತಾರೆ. ಆ ಐದು ನಿಮಿಷದಲ್ಲಿ ಏನೇನು ಅನಾಹುತ ಮಾಡಿಕೊಳ್ಳಬಹುದು ಎಂಬುದನ್ನು ನನ್ನಷ್ಟು ಆಳವಾಗಿ ಸಂಶೋಧಿಸಿದವರು ಇನ್ನೊಬ್ಬರಿಲ್ಲ. ಆದ್ದರಿಂದ ನನ್ನ ಮಾತು ಕೇಳಿ.

ನಡುಪಟ್ಟಿಯನ್ನು ಹೊಟ್ಟೆಯ ಮೇಲೆ ಬಿಗಿಯಬೇಡಿ, ಹೊಟ್ಟೆಯ ಕೆಳಗೆ ಕಟ್ಟಿ. ಹೊಟ್ಟೆ ಅದರ ಮೇಲೆ ಊರ ಯಜಮಾನನ ಹಾಗೆ ಕುಳಿತಿರಬೇಕು. ವರ್ಷವಿಡೀ ಹೆಂಡತಿಯಿಂದ ಬೈಸಿಕೊಂಡ ಹೊಟ್ಟೆಗೆ ಮರ್ಯಾದೆ ಸಿಗುವುದು ಕಿಮೋನೊದಲ್ಲಿ ಮಾತ್ರ. ಹೊಟ್ಟೆಯಿಲ್ಲದ ನತದೃಷ್ಟರಿಗೆ ಅಂಗಡಿಯವರೇ ಟವೆಲ್ ಸುತ್ತಿ ಒಂದನ್ನು ಮಾಡಿಕೊಡುತ್ತಾರೆ. ಇನ್ನೊಂದು ಮಾತು, ಅಂಗಡಿಯವರು ನಿಮ್ಮ ಎತ್ತರ ಕೇಳಿದರೆ ನಿಜ ಹೇಳಿ. ನಾನೂ ನಿಜವನ್ನೇ ಹೇಳಿದ್ದೆ. ಅದು ನನ್ನ ಮೂವತ್ತನೆಯ ವಯಸ್ಸಿನ ನಿಜವಾಗಿತ್ತು, ಅಷ್ಟೆ.

ನನ್ನ ಹೆಸರು ಹಮಾತಾನಿ. ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ತೊಯಾಮಾದ ಅರ್ಧದಷ್ಟು ಗದ್ದೆಗಳನ್ನು ನಾನೇ ಅಳೆದಿದ್ದೇನೆ ಎಂದರೆ ಉತ್ಪ್ರೇಕ್ಷೆಯಾದೀತು. ಕಾಲು ಭಾಗ ಎಂದರೆ ಹಳೆಯ ಸಹೋದ್ಯೋಗಿಗಳು ತಕರಾರು ಮಾಡಲಾರರು. ಒಂದು ಬದುವಿನ ಎರಡು ಬೆರಳ ವ್ಯತ್ಯಾಸಕ್ಕಾಗಿ ಹಿಮದಲ್ಲಿ ಮೂರು ಸಲ ನಡೆದು ಅಳೆದವನು ನಾನು. ಅಂಥ ನನ್ನನ್ನೇ ಅಳೆಯಬೇಕೆಂದು ನನ್ನ ಹೆಂಡತಿ ಮುತ್ಸುಕೊ ಎರಡು ವರ್ಷದಿಂದ ಹಠ ಹಿಡಿದಿದ್ದಳು.

ಜಗಳ ಶುರುವಾದದ್ದು ಅಡುಗೆಮನೆಯಲ್ಲಿ. ಚಳಿಗಾಲದಲ್ಲಿ ಸಾರು ಕುದಿಸುವ ಮಣ್ಣಿನ ಪಾತ್ರೆಯನ್ನು ಮೇಲಿನ ಗೂಡಿನಿಂದ ಇಳಿಸಿಕೊಡುವುದು ಮೊದಲಿನಿಂದಲೂ ನನ್ನ ಕೆಲಸ. ಆ ವರ್ಷ ಕೈ ಎಟುಕಲಿಲ್ಲ. ಮರ ಹಳೆಯದಾದರೆ ಹಿಗ್ಗುತ್ತದೆ, ಗೂಡು ಮೇಲೆ ಹೋಗಿದೆ ಎಂದೆ. ಪ್ಯಾಂಟಿನ ಅಂಚು ನೆಲ ಗುಡಿಸತೊಡಗಿದಾಗ ತಪ್ಪನ್ನು ಲಾಂಡ್ರಿಯವನ ತಲೆಗೆ ಕಟ್ಟಿದೆ. ಮುತ್ಸುಕೊ ಎಲ್ಲವನ್ನೂ ಕೇಳಿಸಿಕೊಂಡು, "ಕುಣಿಯಲಾರದವನು ನೆಲ ಡೊಂಕು ಅಂದನಂತೆ" ಎಂದಳು. ನೀವು ಕುಗ್ಗುತ್ತಿದ್ದೀರಿ, ಮೂಳೆ ಸವೆಯುತ್ತಿರಬಹುದು, ಡಾಕ್ಟರಿಗೆ ತೋರಿಸೋಣ ಎನ್ನುವುದು ಅವಳ ವಾದ. ನಾನು ನೂರೆಪ್ಪತ್ತು ಸೆಂಟಿಮೀಟರ್, ಮದುವೆಯ ದಿನವೂ ನೂರೆಪ್ಪತ್ತು, ಸಾಯುವ ದಿನವೂ ನೂರೆಪ್ಪತ್ತೇ ಎನ್ನುವುದು ನನ್ನದು.

ಅವಳ ಹಠಕ್ಕೆ ಕಾರಣವಿತ್ತು, ಅದು ನನಗೂ ಗೊತ್ತಿತ್ತು. ನನ್ನ ತಾಯಿ ಹೀಗೆಯೇ ಸದ್ದಿಲ್ಲದೆ ಕುಗ್ಗುತ್ತಾ ಬಂದು, ಒಂದು ದಿನ ಬಾಗಿಲ ಬಳಿ ಚಪ್ಪಲಿ ಮೆಟ್ಟುವಾಗ ಬಿದ್ದು ಸೊಂಟ ಮುರಿದುಕೊಂಡಳು. ಆಮೇಲೆ ಎದ್ದು ನಡೆಯಲೇ ಇಲ್ಲ. ಕಡೆಯ ತನಕ ಅವಳನ್ನು ಮಗ್ಗುಲು ಬದಲಿಸಿ, ಮೈ ಒರೆಸಿ, ಗಂಜಿ ಕುಡಿಸಿದವಳು ಮುತ್ಸುಕೊ. ನಾನು ಆಗ ಗದ್ದೆ ಅಳೆಯುತ್ತಿದ್ದೆ.

ಹೀಗಿರುವಾಗ ಈ ಶರತ್ಕಾಲದಲ್ಲಿ, ಒಂದು ಭಾನುವಾರ ಪಕ್ಕದ ಸೀಮೆಯ ಕನಜಾವಾಕ್ಕೆ ಹೋಗಿ ಇಬ್ಬರೂ ಕಿಮೋನೊ ಬಾಡಿಗೆಗೆ ತೆಗೆದುಕೊಂಡು ನದಿಯ ದಂಡೆಯಲ್ಲಿ ಓಡಾಡೋಣ ಎಂದು ಅವಳೇ ಹೇಳಿದಳು. ನನ್ನ ತಲೆಯಲ್ಲಿ ದೀಪ ಹತ್ತಿತು. ಹೆಂಗಸರ ಕಿಮೋನೊ ಎಷ್ಟು ಉದ್ದವಿದ್ದರೂ ಸೊಂಟದ ಬಳಿ ಮಡಚಿ ಸರಿಮಾಡಿಕೊಳ್ಳಬಹುದು. ಗಂಡಸಿನದಕ್ಕೆ ಮಡಿಕೆಯೇ ಇಲ್ಲ. ಹೊಲಿದಷ್ಟೇ ಉದ್ದ, ಮೈಗೆ ಸರಿಯಾಗಿ ಕಣಕಾಲಿಗೆ ಬರಬೇಕು. ಅಂದರೆ ಬಟ್ಟೆಯಲ್ಲಿ ಮಾಡಿದ ಅಳತೆಗೋಲು! ಅವಳ ಎದುರಿಗೇ ಅಂಗಡಿಗೆ ಫೋನ್ ಮಾಡಿ, ಎತ್ತರ ನೂರೆಪ್ಪತ್ತು ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ, ಪಂದ್ಯ ಕಟ್ಟಿದೆ. ಕಿಮೋನೊ ಸರಿಹೋದರೆ ಅವಳು ಇನ್ನು ಡಾಕ್ಟರ ಹೆಸರೆತ್ತಬಾರದು. ಉದ್ದವಾದರೆ ಸೋಮವಾರವೇ ನಾನು ಬಾಯಿ ಮುಚ್ಚಿಕೊಂಡು ಅವಳ ಹಿಂದೆ ಆಸ್ಪತ್ರೆಗೆ. ಅವಳು ಸ್ವಲ್ಪ ಯೋಚಿಸಿ, ಆಗಲಿ ಎಂದಳು.

ಅಂಗಡಿಯ ಒಡತಿ ನಕಾನಿಶಿಯಮ್ಮ ಗುಂಡಗಿನ ಮುಖದ, ವಿಪರೀತ ಸಂತೋಷದ ಹೆಂಗಸು. ನನಗೆ ಬೂದುನೀಲಿ ಕಿಮೋನೊ, ಮೇಲೆ ಹಾಕಿಕೊಳ್ಳಲು ಅದೇ ಬಣ್ಣದ ಅಂಗಿ ತಂದುಕೊಟ್ಟಳು. ಉಡಿಸಲು ಮುಂದಾದವಳನ್ನು ಗಂಭೀರವಾಗಿ ತಡೆದು ನಾನೇ ಪರದೆಯ ಮರೆಗೆ ಹೋದೆ. ತೋಳು ಹಾಕಿ, ಎಡಸೆರಗನ್ನು ಮೇಲೆ ತಂದು, ಕನ್ನಡಿ ನೋಡಿದೆ. ಕನ್ನಡಿಯಲ್ಲಿ ನನಗೆ ಪಾದಗಳೇ ಇರಲಿಲ್ಲ.

ಬೆನ್ನು ನೆಟ್ಟಗೆ ಮಾಡಿದೆ. ಉಸಿರು ಎಳೆದುಕೊಂಡೆ. ತುದಿಗಾಲಲ್ಲಿ ನಿಂತಾಗ ಹೆಬ್ಬೆರಳೊಂದು ಇಣುಕಿ ನೋಡಿ ಮತ್ತೆ ಒಳಗೆ ಹೋಯಿತು. ಪರದೆಯಾಚೆಯಿಂದ ನಕಾನಿಶಿಯಮ್ಮ, ಉದ್ದ ಹೆಚ್ಚುಕಡಿಮೆಯಾದರೆ ಹೇಳಿ, ಬೇರೆ ಅಳತೆಯದೂ ಇದೆ ಎಂದು ಕೂಗಿದಳು. ಪಕ್ಕದಲ್ಲೇ ಮುತ್ಸುಕೊ ಇದ್ದಾಳೆ! ಹೇಳಿದರೆ ಪಂದ್ಯ ಹೋಯಿತು. ಅಳತೆ ಹೇಳಿ ಮಾಡಿಸಿದ ಹಾಗಿದೆ ಎಂದು ಉತ್ತರ ಕೊಟ್ಟು, ಸೊಂಟದ ಬಳಿ ಬಟ್ಟೆಯನ್ನು ನಾಲ್ಕು ಬೆರಳು ಎತ್ತಿ, ಹೆಂಗಸರ ಹಾಗೆ ಮಡಚಿ, ದಾರ ಬಿಗಿದು, ಅದರ ಮೇಲೆ ನಡುಪಟ್ಟಿ ಸುತ್ತಿ, ಎಲ್ಲವನ್ನೂ ಮೇಲಂಗಿಯಿಂದ ಮುಚ್ಚಿಬಿಟ್ಟೆ. ಕಣಕಾಲು ಕಂಡಿತು. ಜೊತೆಗೆ ಹೊಸದೊಂದು ಹೊಟ್ಟೆಯೂ ಬಂತು.

ನಕಾನಿಶಿಯಮ್ಮನಿಗೆ ಅದು ಬಹಳ ಹಿಡಿಸಿತು. ಎಂಥ ಗಂಭೀರವಾದ ಹೊಟ್ಟೆ, ಟವೆಲಿನ ಅಗತ್ಯವೇ ಇಲ್ಲ ಎಂದು ಹೊಗಳಿದಳು. ತೆಳುಹಳದಿ ಕಿಮೋನೊದಲ್ಲಿ ತಯಾರಾಗಿ ನಿಂತಿದ್ದ ಮುತ್ಸುಕೊ ಮೊದಲು ನನ್ನ ಕಾಲು ನೋಡಿದಳು, ಆಮೇಲೆ ಹೊಟ್ಟೆ ನೋಡಿದಳು.

"ಬೆಳಿಗ್ಗೆ ಇದು ಇರಲಿಲ್ವಲ್ಲ ರೀ."

"ರೈಲಲ್ಲಿ ತಿಂದೆನಲ್ಲ" ಎಂದೆ.

ಅಲ್ಲಿಂದ ನನ್ನ ಅಧೋಗತಿ ಆರಂಭವಾಯಿತು. ಮಡಿಕೆಯೆಂಬುದು ಹೆಂಗಸರಿಗೆ ಮಾತ್ರ ಒಲಿದ ವಿದ್ಯೆ ಎಂದು ತಿಳಿಯಲು ಒಂದು ಸೇತುವೆ ದಾಟುವಷ್ಟು ಹೊತ್ತು ಸಾಕಾಯಿತು. ಹತ್ತು ಹೆಜ್ಜೆಗೊಮ್ಮೆ ಬಟ್ಟೆ ಜಾರುತ್ತದೆ, ನಾನು ಮೇಲಂಗಿಯೊಳಗೆ ಕೈ ತೂರಿಸಿ ಎಳೆದುಕೊಳ್ಳುತ್ತೇನೆ. ಅದೂ ಸಾಲದೆ ಮತ್ತೆ ಮತ್ತೆ ಶೌಚಾಲಯಕ್ಕೆ ಓಡಿ ಎಲ್ಲವನ್ನೂ ಬಿಚ್ಚಿ ಕಟ್ಟುತ್ತೇನೆ. ಮೂರನೆಯ ಸಲ ಹೊರಗೆ ಬಂದಾಗ ಮುತ್ಸುಕೊ ಬಾಗಿಲಲ್ಲೇ ಕಾಯುತ್ತಿದ್ದಳು. ಹೊಟ್ಟೆ ಉಬ್ಬಿದೆ, ಕೈ ಹೊಟ್ಟೆಯ ಮೇಲೇ ಇದೆ, ಗಳಿಗೆಗೊಮ್ಮೆ ಓಡುತ್ತೀರಿ, ನಿಮಗೆ ಅಜೀರ್ಣವಾಗಿದೆ ಎಂದಳು. ಹೌದು ಎನ್ನದೆ ಬೇರೆ ದಾರಿಯಿರಲಿಲ್ಲ.

ತೊಯಾಮಾ ಔಷಧಿ ಮಾರುವವರ ಊರು. ಅಲ್ಲಿನ ಹೆಂಗಸರು ಮನೆಯ ಬೀಗದ ಕೈ ಮರೆತಾರು, ಹೊಟ್ಟೆಯ ಮಾತ್ರೆ ಮರೆಯುವುದಿಲ್ಲ. ಮುತ್ಸುಕೊ ಚೀಲದಿಂದ ಕಪ್ಪು ಮಾತ್ರೆಗಳನ್ನು ತೆಗೆದು ನನ್ನ ಅಂಗೈಗೆ ಸುರಿದಳು. ಬೇವಿನ ಕಷಾಯ ಕುಡಿದವರಿಗೆ ಅದರ ರುಚಿಯ ಕಾಲು ಭಾಗ ಗೊತ್ತಾದೀತು. ನುಂಗಿದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವಳಿಗೆ ಏಡಿಯ ಅನ್ನ ಬಂತು, ನನಗೆ ಅವಳೇ ಹೇಳಿಸಿದ ಬಿಳಿ ಗಂಜಿ. ಅವಳು ಏಡಿಯ ಕಾಲು ಸೀಳುವುದನ್ನು ನೋಡುತ್ತಾ ನಾನು ಗಂಜಿ ಊದಿದೆ. ಆ ಊರಿನ ವಿಶೇಷವಾದ, ಚಿನ್ನದ ರೇಕು ಅಂಟಿಸಿದ ಐಸ್‌ಕ್ರೀಮ್ ಕೊಂಡಾಗಲೂ ನನಗೆ ಸಿಕ್ಕಿದ್ದು ಅದನ್ನು ಹಿಡಿದುಕೊಂಡು ನಿಲ್ಲುವ ಭಾಗ್ಯ, ಅವಳು ಮುಂಗುರುಳು ಸರಿಮಾಡಿಕೊಳ್ಳುವ ತನಕ. ಇಷ್ಟಾದರೂ ನಾನು ಒಳಗೊಳಗೇ ಗೆಲ್ಲುತ್ತಿದ್ದೆ. ಸಂಜೆ ಬಟ್ಟೆ ಹಿಂದಿರುಗಿಸಿಬಿಟ್ಟರೆ ಎರಡು ವರ್ಷದ ಕಾಟ ಮುಗಿಯಿತು.

ಆದರೆ ಅಂಗಡಿಗೆ ಹಿಂದಿರುಗುವ ದಾರಿಯಲ್ಲಿ ಕತ್ತಲ ಇಳಿಜಾರು ಇತ್ತು. ಗುಡಿಯ ಹಿಂಬದಿಯಿಂದ ನದಿಯ ಪಕ್ಕದ ಚಹಾಮನೆಗಳ ಬೀದಿಗೆ ಇಳಿಯುವ ಕಡಿದಾದ ಕಲ್ಲು ಮೆಟ್ಟಿಲುಗಳಿಗೆ ಹಿಂದಿನಿಂದ ಬಂದ ಹೆಸರು ಅದು. ಮೂರನೆಯ ಮೆಟ್ಟಿಲಲ್ಲಿ ಸೊಂಟದ ದಾರ ಸಡಿಲವಾಯಿತು. ನಾಲ್ಕು ಬೆರಳ ಬಟ್ಟೆ ಸರ್ರನೆ ಇಳಿದು ಚಪ್ಪಲಿಯ ಕೆಳಗೆ ಹೋಯಿತು. ನಾನೇ ನನ್ನ ಸೆರಗು ತುಳಿದು ಮುಂದಕ್ಕೆ ಮುಗ್ಗರಿಸಿದೆ.

ಬೀಳಲಿಲ್ಲ. ಹಿಂದಿನಿಂದ ಮುತ್ಸುಕೊ ನನ್ನ ನಡುಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಇಬ್ಬರೂ ದೊಪ್ಪನೆ ಮೆಟ್ಟಿಲ ಮೇಲೆ ಕುಳಿತುಬಿಟ್ಟೆವು. ಮೇಲಂಗಿ ತೆರೆದುಕೊಂಡಿತ್ತು. ಅರ್ಧ ಮಡಿಕೆ ಸೊಂಟದಲ್ಲಿ, ಅರ್ಧ ಮಡಿಕೆ ಪಾದದಲ್ಲಿ, ನನ್ನ ಗಂಭೀರವಾದ ಹೊಟ್ಟೆ ಎಲ್ಲೂ ಇರಲಿಲ್ಲ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಆ ನಕಾನಿಶಿಯಮ್ಮ ನೂರೆಪ್ಪತ್ತೈದರವನ ಬಟ್ಟೆ ಕೊಟ್ಟಿದ್ದಾಳೆ, ಇವತ್ತೇ ವಿಚಾರಿಸುತ್ತೇನೆ ಎಂದು ಅಬ್ಬರಿಸಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು.

"ಅದು ನೂರೆಪ್ಪತ್ತರದ್ದೂ ಅಲ್ಲ ರೀ. ನೀವು ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಿದ್ದೆ. ನೂರ ಅರವತ್ತೇಳರದ್ದು ಎತ್ತಿಡಿ ಅಂತ ಹೇಳಿದ್ದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳ ಲೆಕ್ಕದಲ್ಲಿ ನಾನು ಮೂರು ಸೆಂಟಿಮೀಟರ್ ಕುಗ್ಗಿದ್ದೆ. ಆ ಲೆಕ್ಕದ ಬಟ್ಟೆಯೂ ನನಗೆ ಉದ್ದವಾಗಿತ್ತು.

"ಹಾಗಾದ್ರೆ ಪಂದ್ಯ ನಾನು ಗೆಲ್ಲಲಿ ಅಂತ ನೀನೇ ಮಾಡಿದ್ದಾ?" ಎಂದೆ.

"ಗೆದ್ರೆ ಗೆಲ್ಲಲಿ ಅಂದ್ಕೊಂಡೆ. ಉದ್ದ ಬಟ್ಟೆ ಹಾಕ್ಕೊಂಡು ಇಂಥ ಮೆಟ್ಟಿಲಲ್ಲಿ ಬಿದ್ರೆ ಏನು ಮಾಡ್ಲಿ? ಅತ್ತೇನ ನೋಡ್ಕೊಂಡವಳು ನಾನು."

ನನಗೆ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ಅವಳೆದುರು ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಅವಳು ಸೋಲಲು ಸಿದ್ಧಳಾಗಿದ್ದ ಪಂದ್ಯವನ್ನು ಗೆಲ್ಲಲು ನಾನು ಗಂಜಿ ಕುಡಿದು, ಕಹಿ ಮಾತ್ರೆ ನುಂಗಿ, ಕಡೆಗೆ ಅವಳು ಹೆದರಿದ್ದನ್ನೇ ಮಾಡಿ ತೋರಿಸಿದ್ದೆ. ಸೋಮವಾರ ಹೋಗೋಣ ಎಂದು ನಾನೇ ಹೇಳಿದೆ. ಅವಳು ತಲೆಯಾಡಿಸಿದಳು. ನಾನು ಎದ್ದು ಕೈ ಚಾಚಿದರೆ, "ಸ್ವಲ್ಪ ತಡೀರಿ" ಎಂದು ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕುಳಿತಳು. ದಣಿವಾಗಿದೆ ಎಂದುಕೊಂಡು ನಾನು ಪಕ್ಕದಲ್ಲಿ ಸೆರಗು ಎತ್ತಿ ಹಿಡಿದು ನಿಂತೆ.

ಸೋಮವಾರ ಮೂಳೆ ಡಾಕ್ಟರ ಬಳಿ ನರ್ಸು ನನ್ನನ್ನು ಗೋಡೆಗೆ ನಿಲ್ಲಿಸಿ ಅಳೆದಳು. ನೂರ ಅರವತ್ತಮೂರು. ನಾನು ಯಾವ ಗೋಡೆಯ ಮೇಲೂ ತಪ್ಪು ಹೊರಿಸಲಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಮುತ್ಸುಕೊ ತನ್ನ ಚಪ್ಪಲಿ ಬಿಟ್ಟು ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಹೇಗೂ ಬಂದಾಗಿದೆ, ನನ್ನದೂ ನೋಡಿಬಿಡಿ ಎಂದಳು. ಮದುವೆಯಾದಾಗ ಅವಳು ನೂರ ಐವತ್ತಾರು. ಕಿಮೋನೊ ಅಂಗಡಿಯಲ್ಲಿ ಹೇಳಿದ್ದೂ ಅದನ್ನೇ. ನರ್ಸು ಓದಿದ್ದು ನೂರ ನಲವತ್ತೆಂಟು. ಅವಳ ಮಡಿಕೆ ಭಾನುವಾರವಿಡೀ ನನ್ನ ಕಣ್ಣೆದುರೇ ಎಂಟು ಸೆಂಟಿಮೀಟರ್ ನುಂಗಿಕೊಂಡು ಅಂದವಾಗಿ ಕುಳಿತಿತ್ತು.

ಡಾಕ್ಟರು ನನ್ನ ಎಕ್ಸ್‌ರೇ ನೋಡಿ, ಮಾತ್ರೆ ತೆಗೆದುಕೊಳ್ಳಿ, ಬಿಸಿಲಲ್ಲಿ ನಡೆಯಿರಿ ಎಂದರು. ಅವಳದನ್ನು ಬಹಳ ಹೊತ್ತು ನೋಡಿದರು. ಬೆನ್ನಿನ ಒಂದು ಮೂಳೆ ಸದ್ದಿಲ್ಲದೆ ಕುಸಿದಿತ್ತು. ನಿನ್ನೆ ನನ್ನನ್ನು ಹಿಡಿದೆಳೆದದ್ದರಿಂದ ಆದದ್ದೇ ಎಂದು ಕೇಳಿದೆ. ಅಲ್ಲ, ಒಂದೆರಡು ವರ್ಷದ ಹಿಂದೆಯೇ ಆದದ್ದು, ಇನ್ನು ಮುಂದೆ ಕುಸಿಯದಂತೆ ಇಂಜೆಕ್ಷನ್ ಕೊಡೋಣ, ಭಾರ ಎತ್ತಿಸಬೇಡಿ ಎಂದರು.

ಔಷಧಿಗಾಗಿ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾಗ, ಎರಡು ವರ್ಷದಿಂದ ಬೆನ್ನುನೋವಿದೆ ಎಂದು ಈಗ ಡಾಕ್ಟರಿಗೆ ಹೇಳಿದೆಯಲ್ಲ, ಅಷ್ಟು ದಿನ ನೀನೇ ಯಾಕೆ ಬರಲಿಲ್ಲ ಎಂದು ಕೇಳಿದೆ. ಅವಳು ಮಡಿಲಲ್ಲಿದ್ದ ಚೀಲ ನೋಡುತ್ತಾ ಹೇಳಿದಳು. "ಒಬ್ಬಳೇ ಬರೋಕೆ ಭಯ ಆಗ್ತಿತ್ತು. ನಿಮ್ಮನ್ನ ಎಳ್ಕೊಂಡು ಬಂದ್ರೆ ಜೊತೆಗೆ ನಾನೂ ತೋರಿಸ್ಕೋಬಹುದಲ್ಲ ಅಂತ."

ನಾನು ಅವಳ ಕೈಯಿಂದ ಚೀಲ ತೆಗೆದುಕೊಂಡೆ. ಏನಾದರೂ ಹೇಳಬೇಕಿತ್ತು. ಮದುವೆಯಾದಾಗ ನಿನ್ನ ತಲೆ ನನ್ನ ಕಿವಿಹಾಲೆಯ ಮಟ್ಟಕ್ಕಿತ್ತು, ಇವತ್ತಿಗೂ ಅಲ್ಲಿಗೇ ಬರುತ್ತದೆ, ಇಬ್ಬರೂ ಜೊತೆಯಾಗಿ ಇಳಿಯುತ್ತಿದ್ದರೆ ಪಕ್ಕದಲ್ಲಿರುವವನಿಗೆ ಹೇಗೆ ಕಾಣಬೇಕು ಹೇಳು ಎಂದೆ.

ಮುತ್ಸುಕೊ ಮುಖವೆತ್ತಿ ನನ್ನನ್ನು ನೋಡಿದಳು.

"ನಿಮ್ದು ಏಳು, ನಂದು ಎಂಟು. ಮಧ್ಯೆ ಒಂದು ಸೆಂಟಿಮೀಟರ್ ಇದೆಯಲ್ಲ, ಸರ್ವೆಯರ್ ಸಾಹೇಬ್ರೆ. ಅದೂ ಕಾಣಲಿಲ್ವಾ?"