ನೆಲಕ್ಕೆ ಸಮನಾದ ಗುಂಡಿ

ನಾನು ಓದು ನಿಲ್ಲಿಸಿದ್ದು ೧೯೮೪ರಲ್ಲಿ, ಏಳನೆಯ ತರಗತಿಯ ಅರ್ಧಕ್ಕೆ. ಬಡತನವೇ ಕಾರಣ ಎಂದು ಹೇಳಿದರೆ ಕೇಳುವವರಿಗೆ ಸಮಾಧಾನವಾಗುತ್ತದೆ, ಆದರೆ ನಿಜ ಅದಲ್ಲ. ಆ ವರ್ಷ ನಮ್ಮ ಶಾಲೆಗೆ ಹೊಸ ಕೊಠಡಿ ಕಟ್ಟುತ್ತಿದ್ದರು. ಪಾಠ ಕೇಳುವುದಕ್ಕಿಂತ ಕಿಟಕಿಯಿಂದ ಗೋಡೆ ಏಳುವುದನ್ನು ನೋಡುವುದೇ ನನಗೆ ಹಿತವಾಗಿತ್ತು. ಕೊಠಡಿ ಮುಗಿಯುವ ಹೊತ್ತಿಗೆ ನಾನು ಮೇಸ್ತ್ರಿಯ ಕಡೆ ಸೇರಿಬಿಟ್ಟಿದ್ದೆ. ಅಂದಿನಿಂದ ಯಲಹಂಕದಿಂದ ಯಶವಂತಪುರದವರೆಗೆ ಎಷ್ಟೋ ಮನೆಗಳನ್ನು ಕಟ್ಟಿದ್ದೇನೆ. ಒಂದರ ಗೋಡೆಯೂ ವಾಲಿಲ್ಲ. ಇದನ್ನು ಜಂಬ ಎಂದು ಯಾರಾದರೂ ಅಂದುಕೊಂಡರೆ, ಅದು ಜಂಬವೇ, ಅನುಮಾನ ಬೇಡ.

ಆದರೆ ಓದು ಬಿಟ್ಟವರಲ್ಲಿ ಒಂದು ದೋಷವಿರುತ್ತದೆ. ಅಚ್ಚಾದ ಕಾಗದವನ್ನು ನಾವು ಪೂರ್ತಿ ನಂಬುತ್ತೇವೆ. ಓದಿದವರು ಸರ್ಕಾರದ ಕಾಗದವನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ಯಾವ ಸಾಲನ್ನು ಪಾಲಿಸಬೇಕು, ಯಾವ ಸಾಲಿಗೆ ಹೂಂ ಎನ್ನಬೇಕು ಎಂದು ಅಲ್ಲೇ ಲೆಕ್ಕ ಹಾಕುತ್ತಾರೆ. ನಾವು ಅಕ್ಷರ ಅಕ್ಷರ ಕೂಡಿಸಿ, ಬೆವರು ಸುರಿಸಿ ಓದಿರುತ್ತೇವಲ್ಲ, ಅಷ್ಟು ಕಷ್ಟಪಟ್ಟು ಓದಿದ್ದು ಸುಳ್ಳಿರಲಾರದು ಅನ್ನಿಸಿಬಿಡುತ್ತದೆ.

ಯಲಹಂಕದ ಹತ್ತಿರದ ಸಿಂಗಾಪುರದ ನಮ್ಮ ಬೀದಿಗೆ ಬಂದ ಆ ಕಾಗದದ ಮೇಲ್ಗಡೆ 'ಸುಸ್ಥಿರ ನಗರಾಭಿವೃದ್ಧಿ' ಎಂದು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ ಒಂದು ಚಿತ್ರ: ಮೋಡ, ಮನೆ, ತಾರಸಿಯಿಂದ ಇಳಿಯುವ ಪೈಪು, ನೆಲದಲ್ಲಿ ಇಂಗುಗುಂಡಿ. ಮಳೆನೀರನ್ನು ಮೋರಿಗೆ ಬಿಡದೆ ಪ್ರತಿ ಮನೆಯವರೂ ಭೂಮಿಗೆ ಇಂಗಿಸಬೇಕು, ಇಲ್ಲದಿದ್ದರೆ ದಂಡ. ಎದುರು ಮನೆಯ ನಂಜುಂಡಪ್ಪನವರು ಸರ್ಕಾರಿ ಕಚೇರಿಯಲ್ಲಿ ದೊಡ್ಡ ಗುಮಾಸ್ತರಾಗಿ ನಿವೃತ್ತರಾದವರು. ಅವರನ್ನು ಕೇಳಿದೆ, "ಸರ್, ಸುಸ್ಥಿರ ಅಂದ್ರೇನು?"

"ಬಹಳ ಕಾಲ ಬಾಳಿಕೆ ಬರೋದು ಅಂತ ಮೇಸ್ತ್ರಿ."

"ಹಂಗಾದ್ರೆ ಅದು ನಮ್ ಕೆಲ್ಸಾನೇ ಅಲ್ವಾ ಸರ್!" ಎಂದು ನಾನು ಎದೆಯುಬ್ಬಿಸಿದೆ.

"ನಿಮ್ ಕೆಲ್ಸಾನೇ. ನಮ್ಮನೇಗೂ ಒಂದು ಮಾಡ್ಕೊಡಿ. ಒಂದೂವರೆ ಅಡಿ ಸಾಕು, ಮೇಲೊಂದಿಷ್ಟು ಬಿಳಿ ಕಲ್ಲು ಚೆಲ್ಲಿ. ಕಚೇರಿಗೆ ಕಳ್ಸೋ ಫೋಟೋದಲ್ಲಿ ಆಳ ಕಾಣಲ್ಲ."

ಅವರ ಮನೆಗೆ ಹಾಗೇ ಮಾಡಿಕೊಟ್ಟೆ. ಬೀದಿಯ ಇನ್ನೂ ಏಳೆಂಟು ಮನೆಗೂ ಮಾಡಿಕೊಟ್ಟೆ. ತಾರಸಿಯಿಂದ ಬಂದ ಪೈಪು ಕಲ್ಲಿನ ಹಾಸಿನೊಳಗೆ ಇಳಿದಂತೆ ಕಾಣುತ್ತದೆ, ಅಲ್ಲಿಂದ ಕದ್ದು ಮೋರಿಗೆ ಹೋಗುತ್ತದೆ. ನಮ್ಮ ಕಸುಬಿನಲ್ಲಿ ಇದಕ್ಕೆ ತೋರಿಕೆ ಗುಂಡಿ ಎನ್ನುತ್ತೇವೆ. ಕೈಕೂಲಿಯವನು ಬೇಡ ಎನ್ನಲಾಗುವುದಿಲ್ಲ. ಆದರೆ ಒಂದೊಂದು ತೋರಿಕೆ ಗುಂಡಿ ಮುಗಿಸಿದಾಗಲೂ ನನ್ನ ಅಂಗಳದಲ್ಲಿ ನಿಜವಾದದ್ದನ್ನು ಕಟ್ಟಿ ತೋರಿಸಬೇಕೆಂಬ ಹಟ ಏರುತ್ತಿತ್ತು. ಸುಳ್ಳು ಹೇಳಿದವನು ಗುಡಿಗೆ ಹೋಗಿ ಕೈಮುಗಿಯುವುದಿಲ್ಲವೇ, ಹಾಗೆ.

ನಮ್ಮ ಮನೆಯ ಕೊಳವೆಬಾವಿಯ ವಿಷಯ ಹೇಳಲೇಬೇಕು. ಬೀದಿಯಲ್ಲಿ ಎಲ್ಲರ ಬೋರೂ ಬೇಸಿಗೆಯಲ್ಲಿ ಉಸಿರು ಬಿಡುವಾಗ ನಮ್ಮದು ನಿಲ್ಲುತ್ತಿರಲಿಲ್ಲ. ಸಿಹಿನೀರು. ಮಹಡಿಯ ಎರಡು ಬಾಡಿಗೆ ಮನೆಗೂ ಅದೇ, ಬೇಸಿಗೆಯಲ್ಲಿ ಅಕ್ಕಪಕ್ಕದವರ ಕೊಡಗಳಿಗೂ ಅದೇ. ನನ್ನ ಹೆಂಡತಿ ಜಯಮ್ಮ ಚಿಕ್ಕಜಾಲದವಳು, ಸುಲಭಕ್ಕೆ ಏನನ್ನೂ ಹೊಗಳುವವಳಲ್ಲ. ಅವಳೇ ತವರಿಗೆ ಹೊರಟಾಗ ಎರಡು ಬಾಟಲಿ ತುಂಬಿಸಿಕೊಳ್ಳುತ್ತಿದ್ದಳು. ಆ ನೀರನ್ನು ಇನ್ನೂ ಹೆಚ್ಚಿಸಬೇಕೆಂದು ನಾನು ಬೋರಿನ ಸುತ್ತಲೇ ಹತ್ತಡಿ ಗುಂಡಿ ತೋಡಿದೆ. ಸರ್ಕಾರದ ಕಾಗದದ ಹಿಂಬದಿಯಲ್ಲಿದ್ದ ಇನ್ನೊಂದು ಚಿತ್ರದಂತೆ, ಬೋರಿನೊಳಗೆ ಮಣ್ಣು ಕುಸಿಯದಂತೆ ಇಳಿಸಿದ್ದ ಕೇಸಿಂಗ್ ಪೈಪಿಗೆ ನನ್ನ ಕೈಯಾರೆ ಸಾಲಾಗಿ ತೂತು ಕೊರೆದು, ಜಾಲರಿ ಸುತ್ತಿ, ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಇದ್ದಿಲು, ಮರಳು ತುಂಬಿದೆ. ತಾರಸಿಯ ನೀರು ಸೋಸಿಕೊಂಡು ನೇರ ಬೋರಿಗೇ ಇಳಿಯಬೇಕು. ಗುಂಡಿಯ ಬಾಯಿಗೆ ತೂತಿನ ಚಪ್ಪಡಿ ಹಾಕಿ ಅಂಗಳದ ನೆಲಕ್ಕೆ ಸಮ ಮಾಡಿದೆ. ರಸಮಟ್ಟ ಇಟ್ಟರೆ ಗುಳ್ಳೆ ನಡುವಿನಿಂದ ಒಂದು ಕೂದಲಷ್ಟೂ ಅಲುಗದು.

ಇಪ್ಪತ್ತು ವರ್ಷದಿಂದ ನನ್ನ ಜೊತೆ ಪೈಪಿನ ಕೆಲಸ ಮಾಡುವ ರಫೀಕ್ ಕುಕ್ಕರುಗಾಲಲ್ಲಿ ಕೂತು ನೋಡಿದ. "ಉಸ್ತಾದ್, ಬಾಯಿ ಒಂದಡಿ ಮೇಲಕ್ಕೆತ್ತಿ. ರೋಡ್ ನೀರು ಒಳಗೆ ಬಂದ್ರೆ?"

"ಕಟ್ಟೆ ಕಟ್ಟಿದ್ರೆ ಎಡವ್ತಾರೆ ಕಣೋ. ನೋಡೋಕೂ ಅಸಹ್ಯ. ರೋಡಿಗಿಂತ ನಮ್ಮಂಗಳ ನಾಲ್ಕು ಬೆರಳು ಮೇಲಿದೆ, ನಾನೇ ಮಟ್ಟ ನೋಡಿದೀನಿ."

"ಈವತ್ತು ಇದೆ, ಉಸ್ತಾದ್."

ನಾನು ನಕ್ಕೆ. ನಲವತ್ತು ವರ್ಷ ಮಟ್ಟ ನೋಡಿದವನಿಗೆ ಪೈಪಿನವನು ಮಟ್ಟ ಹೇಳುವುದೇ?

ಮೊದಲ ಮಳೆಗೆ ಗುಂಡಿ ಗಟಗಟನೆ ಕುಡಿಯಿತು. ನಾನು ಕೊಡೆ ಹಿಡಿದು ಪಕ್ಕದಲ್ಲಿ ಕೂತು ಆ ಸದ್ದು ಕೇಳಿದೆ. ಜಯಮ್ಮ ಬಾಗಿಲಲ್ಲಿ ನಿಂತು, "ಬಾಣಂತಿ ಮುಂದೆ ಕುಂತಂಗೆ ಕುಂತವ್ರೆ ನೋಡು" ಎಂದು ಗೋಡೆಗೆ ಹೇಳಿದಳು. ಆಮೇಲೆ ಗುಂಡಿ ನೋಡಲು ವಾರ್ಡ್ ಕಚೇರಿಯಿಂದ ಒಬ್ಬ ಎಂಜಿನಿಯರ್ ಬಂದರು, ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ. ಕಡ್ಡಿ ಇಳಿಸಿ ಆಳ ನೋಡಿ, "ಇಡೀ ವಾರ್ಡಿಗೆ ಇದೊಂದೇ ನಿಜವಾದ್ದು ಕಣ್ರೀ ಮೇಸ್ತ್ರಿ" ಎಂದು ನನ್ನನ್ನು ಗುಂಡಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. 'ಮಾದರಿ ಮನೆ' ಎಂದು ಆ ಫೋಟೋ ವಾರ್ಡ್ ಕಚೇರಿಯ ಗೋಡೆ ಏರಿತು. ನಾನು ಕೆಲಸಕ್ಕೆ ಹೋಗುವಾಗ ಸುತ್ತು ಹಾಕಿಕೊಂಡು ಅದರ ಮುಂದೆ ಹಾಯುತ್ತಿದ್ದೆ.

ಅದೇ ವರ್ಷ ನಮ್ಮ ಬೀದಿಗೆ ಸಿಮೆಂಟ್ ರಸ್ತೆ ಬಂತು. ಅದೂ ಸುಸ್ಥಿರವೇ, ಫಲಕದಲ್ಲಿ ಹಾಗೇ ಬರೆದಿತ್ತು. ಹಳೆಯ ಡಾಂಬರು ಕೆರೆಯದೆ ಅದರ ಮೇಲೇ ಕಾಂಕ್ರೀಟು ಸುರಿದರು. ನಾನು ಓಡಿಹೋಗಿ ತಡೆದೆ. "ಹಳೇದು ಕೆರೆಯೋದು ನಮ್ ಎಸ್ಟಿಮೇಟಲ್ಲಿಲ್ಲ ಅಣ್ಣಾ" ಎಂದ ಕಂಟ್ರಾಕ್ಟರ್. ಎಲ್ಲ ಮುಗಿದ ಮೇಲೆ ಮಟ್ಟದ ಟ್ಯೂಬು ಹಿಡಿದು ನೋಡಿದೆ. ನನ್ನ ಅಂಗಳ ರಸ್ತೆಗಿಂತ ಒಂದು ಗೇಣು ಕೆಳಗೆ ಕೂತಿತ್ತು. ಮನೆ ಇದ್ದಲ್ಲೇ ಇತ್ತು, ಊರು ಮೇಲೆದ್ದಿತ್ತು.

"ಈಗ್ಲಾದ್ರೂ ಗುಂಡಿಗೊಂದು ಕಟ್ಟೆ ಕಟ್ರಿ" ಎಂದಳು ಜಯಮ್ಮ. ಎರಡು ಸಾಲು ಇಟ್ಟಿಗೆ, ಅರ್ಧ ದಿನದ ಕೆಲಸ. ನಾನು ಕಟ್ಟಲಿಲ್ಲ. ಕಟ್ಟಿದರೆ ನನ್ನ ಮಟ್ಟ ತಪ್ಪಿತ್ತೆಂದು ಒಪ್ಪಿಕೊಂಡಂತೆ. ಫೋಟೋದಲ್ಲಿರುವುದೊಂದು, ಅಂಗಳದಲ್ಲಿರುವುದೊಂದು ಆಗುತ್ತದೆ. ಅದಲ್ಲದೆ ಫಲಕದ ಕೊನೆಯ ಸಾಲಿನಲ್ಲಿ 'ಎರಡೂ ಬದಿ ಹೊಸ ಚರಂಡಿ' ಎಂದು ಅಚ್ಚಾಗಿತ್ತು. ಅಚ್ಚಾದದ್ದನ್ನು ನಾನು ನಂಬಿದೆ.

ಚರಂಡಿಗಿಂತ ಮೊದಲು ಮಳೆ ಬಂತು. ಬೀದಿಯ ಮೇಲ್ತುದಿಯಲ್ಲಿ ಒಳಚರಂಡಿಯ ಮ್ಯಾನ್‌ಹೋಲು ಉಕ್ಕಿ, ಅದೂ ಮಳೆಯೂ ಕೂಡಿಕೊಂಡು ಹೊಸ ರಸ್ತೆಯ ಮೇಲೆ ಜಾರಿ, ನಮ್ಮ ಗೇಟಿನ ಬಳಿ ತಿರುಗಿ ಒಳಗೆ ಬಂತು. ನಾನು ಮರಳು ಚೀಲ ತರುವಷ್ಟರಲ್ಲಿ ಎಲ್ಲವೂ ಚಪ್ಪಡಿಯ ತೂತುಗಳಲ್ಲಿ ಇಳಿದುಹೋಗಿತ್ತು. ಅಂಗಳದಲ್ಲಿ ಒಂದು ಹನಿ ನಿಂತಿರಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದೆ.

ಮರುದಿನ ಬೆಳಿಗ್ಗೆ ಜಯಮ್ಮ ನಲ್ಲಿಯ ಕೆಳಗೆ ಚೊಂಬು ಹಿಡಿದು, ಹಾಗೇ ನನ್ನ ಮುಂದೆ ತಂದಿಟ್ಟಳು. "ಒಸಿ ಮೂಗಿಟ್ಟು ನೋಡಿ." ನೋಡಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹದಿನೈದು ದಿನ ಮೋಟಾರು ಓಡಿಸಿ ನೀರನ್ನು ಹೊರಗೆ ಚೆಲ್ಲಿದೆ. ಬ್ಲೀಚಿಂಗ್ ಪೌಡರ್ ಸುರಿದೆ. ಅಷ್ಟರಲ್ಲಿ ಇನ್ನೆರಡು ಮಳೆ ಬಂದು, ನಾನು ಅವಸರದಲ್ಲಿ ಕಟ್ಟಿದ ಹಸಿ ಕಟ್ಟೆಯನ್ನೂ ಕೊಚ್ಚಿಕೊಂಡು ಮತ್ತೆ ಬೋರಿಗೇ ಇಳಿದವು. ನೀರು ಪರೀಕ್ಷೆ ಮಾಡಿದವರು ಪಾತ್ರೆ ತೊಳೆಯಲೂ ಬಳಸಬೇಡಿ ಎಂದು ಬರೆದುಕೊಟ್ಟರು. ಬೋರಿನವನು ಟಾರ್ಚು ಬಿಟ್ಟು ನೋಡಿ, "ಕೇಸಿಂಗಿಗೆ ತೂತು ಹೊಡ್ದಿರೋರು ಯಾರ್ ಗುರು? ಇದು ಮುಗೀತು, ಮುಚ್ಚಿಬಿಡಿ" ಎಂದ. ರಫೀಕ್ ಅಲ್ಲೇ ನಿಂತಿದ್ದ. ನಾನು ಹೇಳಲಿ ಎಂದು ನನ್ನತ್ತ ತಿರುಗಿ, "ಹಳೇ ತೂತು ಬಿಡಿ" ಎಂದು ಆಚೆ ನೋಡಿದ. ಅವತ್ತು ಅವನ ಮುಖ ನೋಡಲು ನನ್ನಿಂದಾಗಲಿಲ್ಲ.

ಎಂಜಿನಿಯರ್ ಬಳಿಗೂ ಹೋದೆ. ಅವರಿಗೆ ನಿಜವಾಗಿ ಬೇಜಾರಾಯಿತು. "ಗುಂಡಿ ನಮ್ದು ಮೇಸ್ತ್ರಿ, ರೋಡ್ ಬೇರೆ ಕಚೇರಿದು. ನಾವು ನೀರು ಒಳಗ್ ಬಿಡಿ ಅಂತೀವಿ. ಅವರು ರೋಡ್ ಮೇಲೆ ಏರಿಸ್ತಾರೆ. ಇಬ್ರೂ ರೂಲ್ಸ್ ಪ್ರಕಾರಾನೇ ಮಾಡಿರೋದು."

"ಇಬ್ರೂ ಸರಿ ಇದ್ರೆ ನನ್ ಬೋರ್ ಯಾಕ್ ಸರ್ ಹೋಯ್ತು?"

ಅವರು ನನಗೆ ಟೀ ತರಿಸಿದರು. ಗೋಡೆಯ ಮೇಲೆ ನಾನಿನ್ನೂ ನಗುತ್ತಾ ನಿಂತಿದ್ದೆ. ಆ ಫೋಟೋ ತೆಗೆಸಿ ಎಂದೆ. ಅದಕ್ಕೆ ಅರ್ಜಿ ಬರೆದು ಕೊಡಬೇಕಂತೆ. ಫೋಟೋ ನೋಡಿ ಮತ್ತಿಕೆರೆಯಿಂದ ಹೆಂಗಸರ ಸಂಘವೊಂದು ಮಾದರಿ ಮನೆ ನೋಡಲು ಬಂತು. ಜಯಮ್ಮ ಗೇಟಿನಲ್ಲೇ ತಡೆದು, "ಇಂಗ್ ಮಾಡಬಾರ್ದು ಅಂತ ಮಾದರಿ ಕಣ್ರವ್ವಾ, ನೋಡ್ಕೊಂಡ್ ಓಗಿ" ಎಂದಳು. ಅವರು ನಗಬೇಕೋ ಬೇಡವೋ ತಿಳಿಯದೆ ಸೆರಗಲ್ಲಿ ಮೂಗು ಮುಚ್ಚಿಕೊಂಡು ನೋಡಿದರು.

ಮಹಡಿಯ ಎರಡು ಸಂಸಾರಗಳೂ ಖಾಲಿ ಮಾಡಿದವು. ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಬೇರೆ. ಮೊದಲೆಲ್ಲ ನಾನು ಗಿರಾಕಿಗಳಿಗೆ, "ನಿಜವಾದ ಗುಂಡಿ ಮಾಡಿಸಿ, ಬನ್ನಿ ನಮ್ಮನೇದು ನೋಡಿ" ಎನ್ನುತ್ತಿದ್ದೆ. ನಾಲ್ಕೈದು ಜನ ಮನಸ್ಸು ಮಾಡಿದ್ದರು. ಈಗ ಅವರೇ ಮೊದಲು ಹೇಳುತ್ತಾರೆ, "ತೋರಿಕೇದೇ ಹಾಕಿ ಮೇಸ್ತ್ರಿ. ನಿಮ್ಮನೇ ಥರ ಆಗೋದ್ ಬೇಡ." ನಾನು ಬಿಳಿ ಕಲ್ಲು ಚೆಲ್ಲುತ್ತೇನೆ. ಈ ಸುತ್ತಿನಲ್ಲಿ ಇನ್ನು ಯಾರೂ ಮಳೆಯನ್ನು ಮಣ್ಣಿಗೆ ಬಿಡುವುದಿಲ್ಲ. ಬಿಡದಂತೆ ನಾನೇ ಕಲಿಸಿದೆ, ಒಳ್ಳೆಯ ಕೆಲಸ ಮಾಡಿ ಕಲಿಸಿದೆ.

ನೀರಿಗೆ ಬೆಳಿಗ್ಗೆ ಆರಕ್ಕೆ ನಂಜುಂಡಪ್ಪನವರ ಮನೆಗೆ ಹೋಗುತ್ತೇನೆ. ಅವರ ಬೋರಿನ ಕೇಸಿಂಗಿಗೆ ಯಾರೂ ತೂತು ಹೊಡೆದಿಲ್ಲ, ನೀರು ತಿಳಿಯಾಗಿದೆ. "ಸಂಕೋಚ ಬೇಡ ಮೇಸ್ತ್ರಿ, ಎಷ್ಟ್ ಬೇಕೋ ಹಿಡ್ಕೊಳಿ" ಎನ್ನುತ್ತಾರೆ. ಅವರ ತೋರಿಕೆ ಗುಂಡಿಯ ಮೇಲೆ ಈಗ ಚಪ್ಪಲಿ ಸ್ಟ್ಯಾಂಡಿದೆ. ಮೊನ್ನೆ ಕೊಡ ತುಂಬುವವರೆಗೆ ಅದರ ಅಂಚನ್ನೇ ನೋಡುತ್ತಿದ್ದೆ. ನನ್ನ ಕೆಲಸ. ನಾನು ಕಟ್ಟಿದ್ದರಲ್ಲಿ ಕೆಲಸ ಮಾಡದ ಗುಂಡಿಗಳೆಲ್ಲ ಚೆನ್ನಾಗಿವೆ.

ಈಗ ನನ್ನ ಬಳಿ ಇರುವುದು ಇಷ್ಟು. ಮನೆ ಒಂದು, ಅದರಲ್ಲಿ ಬೀಗ ಹಾಕಿದ ಭಾಗ ಎರಡು. ಸಿಮೆಂಟು ಬಳಿದು ಮುಚ್ಚಿದ ಬೋರು ಒಂದು. ನೀಲಿ ಡ್ರಮ್ಮು ಮೂರು. ಪ್ಲಾಸ್ಟಿಕ್ ಕೊಡ ಆರು, ಒಂದು ಸೋರುತ್ತದೆ.