ಗೆದ್ದ ದಿನ ಮುಚ್ಚುವ ತಂಡ

ನಮ್ಮ ಮಾಮಾನಷ್ಟು ಅಕ್ಕರೆಯಿಂದ ಸೋಲನ್ನು ಸಾಕಿದ ಮನುಷ್ಯ ಇಡೀ ಬೆಟಗೇರಿಯಲ್ಲಿ ಇನ್ನೊಬ್ಬನಿರಲಿಲ್ಲ. ಜನ ಎಮ್ಮೆ ಸಾಕುತ್ತಾರೆ, ಗಿಳಿ ಸಾಕುತ್ತಾರೆ. ಇವನು ಒಂದು ಫುಟ್‌ಬಾಲ್ ತಂಡ ಸಾಕಿದ್ದ! ಎಮ್ಮೆಯಾದರೆ ಹಾಲು ಕೊಡುತ್ತದೆ, ಗಿಳಿ ಎರಡು ಮಾತಾಡುತ್ತದೆ. ಈ ತಂಡ ಹತ್ತು ವರ್ಷದಲ್ಲಿ ಕೊಟ್ಟದ್ದು ನನಗೆ ಸೊಂಟನೋವು, ಅಷ್ಟೇ.

ಮಾಮಾ ಎಂದರೆ ನನ್ನ ಅವ್ವನ ಕಿರಿಯ ತಮ್ಮ. ನನ್ನನ್ನು ಅವನ ಅಣ್ಣನ ಮಗನಿಗೇ ಕೊಟ್ಟಿದ್ದರು. ಹಾಗಾಗಿ ಅವನು ನನಗೆ ಮಾಮಾ, ನನ್ನ ಗಂಡನಿಗೆ ಕಾಕಾ, ಓಣಿಗೆಲ್ಲ ತಲೆನೋವು. ಸ್ವಾತಂತ್ರ್ಯ ಬಂದ ವರ್ಷವೇ ನಾನು ಸೊಸೆಯಾಗಿ ಆ ಮನೆ ಹೊಕ್ಕೆ. ಮನೆಯಲ್ಲಿ ಮೂರು ಕುಣಿಮಗ್ಗ. ಗಂಡಸರು ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದರು, ನಾವು ಹೆಂಗಸರು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆವು. ತಿಂಗಳಿಗೆ ಒಂದೇ ದಿನ, ಅಮಾವಾಸ್ಯೆಗೆ, ಮಗ್ಗಕ್ಕೆ ರಜೆ. ಅವತ್ತು ಯಾರೂ ಮಗ್ಗ ಮುಟ್ಟುವಂತಿಲ್ಲ. ಅವ್ವ ಕಳಿಸುವಾಗ ಆಸೆ ಹುಟ್ಟಿಸಿದ್ದಳು: “ಅಮಾಸಿ ದಿನ ಆರಾಮ ಕಾಲು ಚಾಚಿ ಕುಂಡ್ರಬಹುದು ನೋಡವ್ವಾ.” ತನ್ನ ತಮ್ಮನ ವಿಷಯ ಮಾತ್ರ ಬಾಯಿ ಬಿಟ್ಟಿರಲಿಲ್ಲ!

ಮಗ್ಗಕ್ಕೆ ರಜೆ ಇದ್ದ ದಿನವೇ ತಂಡಕ್ಕೆ ಆಟ. ತಂಡದ ಹನ್ನೊಂದೂ ಮಂದಿ ನೇಕಾರರು, ಬರಿಗಾಲಿನವರು. ದೀಪಾವಳಿ ಅಮಾವಾಸ್ಯೆಯಿಂದ ಯುಗಾದಿ ಅಮಾವಾಸ್ಯೆಯವರೆಗೆ ತಿಂಗಳಿಗೊಂದು ಪಂದ್ಯ. ಮುಂಡರಗಿಯವರು ಬಂದು ಸೋಲಿಸಿ ಹೋಗುತ್ತಿದ್ದರು, ಶಿರಹಟ್ಟಿಯವರು ಬಂದು ಸೋಲಿಸಿ ಹೋಗುತ್ತಿದ್ದರು. ಕೊನೆಯದು ಲಕ್ಷ್ಮೇಶ್ವರದವರ ಪಾಳಿ. ಅವರು ಮುಂಜಾನೆಯ ಮೋಟಾರು ಬಸ್ಸಿಗೆ ಬಂದಿಳಿದು, ಮಧ್ಯಾಹ್ನ ನಮ್ಮ ಮನೆಯಲ್ಲಿ ಉಂಡು, ಬಿಸಿಲು ಇಳಿದ ಮೇಲೆ ನಮ್ಮನ್ನು ಸೋಲಿಸಿ, ಸಂಜೆ ಮೋಟಾರಿಗೆ ಹೊರಡುತ್ತಿದ್ದರು. ಇಪ್ಪತ್ತೆರಡು ಮಂದಿ ಆಟಗಾರರು, ಒಬ್ಬ ರೆಫ್ರಿ, ಮೇಲೆ ಬೆಂಬಲಿಗರು. ರೊಟ್ಟಿ ಬಡಿಯುವವಳು ನಾನೊಬ್ಬಳು. ಅತ್ತೆಗೆ ಮೊಣಕಾಲು ನೋವು. ಅಮಾವಾಸ್ಯೆ ನೋಡಿಕೊಂಡೇ ಬರುತ್ತಿದ್ದ ನೋವು ಅದು.

ಮೊದಲ ವರ್ಷವೇ ಸಾಕಾಗಿ, ಹಿಟ್ಟಿನ ಕೈಯಲ್ಲೇ ಕಟ್ಟೆಗೆ ಬಂದು ಕೇಳಿದೆ.

“ಮಾಮಾ, ಈ ಹುಚ್ಚಾಟ ಯಾವಾಗ ನಿಲ್ಲತೈತಿ?”

“ಲಕ್ಷ್ಮೇಶ್ವರದವ್ರನ್ನ ಗೆದ್ದ ದಿನ ತಂಡ ಮುಚ್ಚತೀನಿ. ಮುಂದ ಚಂಡು ಮುಟ್ಟಂಗಿಲ್ಲ. ಇದು ನನ್ನ ಮಾತು!”

ಓಣಿಯ ಹತ್ತು ಜನರ ಎದುರಿಗೆ ಹೇಳಿದ ಮಾತು. ಮಾಮಾನಲ್ಲಿ ಸಾವಿರ ಹುಚ್ಚು ಇರಬಹುದು, ಕೊಟ್ಟ ಮಾತಿಗೆ ಮಾತ್ರ ತಪ್ಪಿದವನಲ್ಲ. ಅಂದಿನಿಂದ ಆ ತಂಡ ಗೆಲ್ಲಲಿ ಎಂದು ನನ್ನಷ್ಟು ಹರಕೆ ಹೊತ್ತವರು ಬೆಟಗೇರಿಯಲ್ಲಿ ಯಾರೂ ಇಲ್ಲ. ಎಷ್ಟು ಕಾಯಿ ಒಡೆಸಿದೆ! ಫಲ ಸಿಗಲಿಲ್ಲ. ದೇವರೂ ಲಕ್ಷ್ಮೇಶ್ವರದ ಕಡೆಯವನೇ ಇರಬೇಕು.

ಸೋಲುವುದಕ್ಕೆ ನಮ್ಮವರು ಕಾಲಿಲ್ಲದವರೇನೂ ಅಲ್ಲ. ದಿನವಿಡೀ ಮಗ್ಗ ತುಳಿದ ಕಾಲುಗಳು, ಎಡಗಾಲೂ ಒಂದೇ ಬಲಗಾಲೂ ಒಂದೇ. ತೊಂದರೆ ಬೇರೆ ಇತ್ತು. ಜೀವಮಾನವೆಲ್ಲ ಲಾಳಿಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಿಸಿದವರು ಅವರು. ಚೆಂಡು ಸಿಕ್ಕರೂ ಅದನ್ನೇ ಮಾಡುತ್ತಿದ್ದರು! ಆ ಅಂಚಿನಿಂದ ಈ ಅಂಚಿಗೆ, ಈ ಅಂಚಿನಿಂದ ಆ ಅಂಚಿಗೆ. ಒಂದು ಎಳೆ ತಪ್ಪದ ಹಾಗೆ, ನೋಡಲು ಬಲು ಚಂದವಂತೆ. ಗೋಲಿನ ಕಡೆ ಮಾತ್ರ ಯಾರೂ ಹೋಗುತ್ತಿರಲಿಲ್ಲ. ಲಕ್ಷ್ಮೇಶ್ವರದವನೊಬ್ಬ ಒಮ್ಮೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತು ಕೇಳಿದನಂತೆ: “ಸೀರಿ ಮುಗದ ಮ್ಯಾಲ ಹೇಳ್ರಿಪಾ, ಆಮ್ಯಾಲ ಆಟ ಸುರು ಮಾಡೂನು!”

ಮಾಮಾ ಅಂಚಿನಲ್ಲಿ ನಿಂತು ಗಂಟಲು ಹರಿದುಕೊಳ್ಳುತ್ತಿದ್ದ. “ಮುಂದಕ್ಕ ಹೊಡೀರ್ಲೇ! ಮುಂದಕ್ಕ!”

ಉಣ್ಣಲು ಕೂತಾಗ ಒಬ್ಬ ಆಟಗಾರ ಶಾಂತವಾಗಿ ತಿಳಿಸಿ ಹೇಳಿದ. “ಕಾಕಾ, ಮಗ್ಗದಾಗ ನಾವೇನು ಎದ್ದು ಮುಂದಕ್ಕ ಹೊಕ್ಕೀವೇನ್ರಿ? ಕುಂತಲ್ಲೇ ಕುಂತಿರತೀವಿ, ನೇದ ಅರಿವೀನ ನಮ್ಮ ಕಡೆ ಬರತೈತಿ. ಗೋಲೂ ಹಂಗ ಬರಲಿ ಬಿಡ್ರಿ!”

ಬಂದವು. ಗೋಲುಗಳು ನಮ್ಮ ಕಡೆಗೇ ಬಂದವು, ರಾಶಿ ರಾಶಿ. ನಮ್ಮ ಗೋಲು ಕಾಯುವವನು ನನ್ನ ಗಂಡ. ಹೆಚ್ಚಿಗೆ ಹೇಳುವುದಿಲ್ಲ.

ಮಾಮಾನಿಗೆ ಮದುವೆಯಾಗಿರಲಿಲ್ಲ ಎಂದು ಬೇರೆ ಹೇಳಬೇಕೇ? ಯಳವತ್ತಿಯಲ್ಲಿ ಒಂದು ಹೆಣ್ಣು ನೋಡಲು ಹೋಗಿದ್ದೆವು. ಅವಲಕ್ಕಿ ತಿಂದು, ಚಹಾ ಕುಡಿದು ಹೊರಗೆ ಬಂದ ಮೇಲೆ ಅತ್ತೆ ಆಸೆಯಿಂದ ಕೇಳಿದರು. “ಹುಡುಗಿ ಹೆಂಗ ಅದಾಳಪಾ?”

“ಹುಡುಗೀನ ನೋಡಲಿಲ್ಲ. ಆಕಿ ಅಣ್ಣನ ತೊಡಿ ನೋಡಿದ್ರೇನು? ಹಿಂದ ನಿಂತು ತಡಿಯಾಕ ಅಂಥವನ ಬೇಕು!”

ಅಷ್ಟಕ್ಕೇ ಬಿಡಲಿಲ್ಲ. ವಾಪಸ್ ಒಳಗೆ ಹೋಗಿ ಆ ಅಣ್ಣನಿಗೆ, ತಿಂಗಳಿಗೊಮ್ಮೆ ಬೆಟಗೇರಿಗೆ ಬರುತ್ತೀಯಾ ಎಂದು ಕೇಳಿದ. ಹೆಣ್ಣಿನವರು ಹೆಣ್ಣನ್ನೂ ಕೊಡಲಿಲ್ಲ, ಅಣ್ಣನನ್ನೂ ಕೊಡಲಿಲ್ಲ. ಮಾಮಾ ಒಂದು ತಿಂಗಳು ಕೊರಗಿದ. ಅಣ್ಣನಿಗಾಗಿ!

ಸ್ವಾತಂತ್ರ್ಯ ಬಂದ ದಿನದ ಆಟವನ್ನಂತೂ ನಾನು ಮರೆಯಲಾರೆ. ಅದು ಅಮಾವಾಸ್ಯೆ ಅಲ್ಲ, ಆದರೂ ಅವತ್ತು ಎಲ್ಲ ಮಗ್ಗ ನಿಂತಿದ್ದವು. ಆಗ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ನಾವು ಇಂಗ್ಲಿಷರವರು. “ಇಂಗ್ಲಿಷರ ಕೈಯಾಗಿದ್ದಾಗ ಸೋತ್ವಿ. ಇನ್ನ ಅವ್ರು ಹ್ವಾದ್ರು, ನಮ್ಮ ಸೋಲೂ ಹೋತು!” ಎಂದು ಮಾಮಾ ಬಿಳಿ ಟೊಪ್ಪಿಗೆ ಹಾಕಿಕೊಂಡು ಹೋದ. ಲಕ್ಷ್ಮೇಶ್ವರದವರ ಕೈಲಿ ಐದು ಗೋಲು ತಿಂದು ಬಂದರು. ನಾನು ಕೈ ತೊಳೆಯಲು ನೀರು ಕೊಡುತ್ತ, “ಏನಾತು ಮಾಮಾ ಸ್ವಾತಂತ್ರ್ಯ?” ಎಂದೆ.

“ನಿನಗ ತಿಳಿಯಂಗಿಲ್ಲ ಬಿಡು. ಮೊದಲಿನ ಸೋಲು ಬ್ಯಾರೆ, ಇದು ಬ್ಯಾರೆ. ಇದು ನಾವು ಸ್ವತಂತ್ರರಾಗಿ ಸೋತದ್ದು!”

ಮುಂದೆ ಸಂಸ್ಥಾನಗಳು ಹೋಗಿ ಲಕ್ಷ್ಮೇಶ್ವರ, ಶಿರಹಟ್ಟಿ ಎಲ್ಲ ನಮ್ಮ ಮುಂಬೈ ಪ್ರಾಂತಕ್ಕೇ ಬಂದವು. ಮಾಮಾ ಅವತ್ತೂ ಕಟ್ಟೆಯ ಮೇಲೆ ಕೂತು ಸಮಾಧಾನದಿಂದ ಹೇಳಿದ: “ಇನ್ನ ಹೊರಗಿನವರ ಮುಂದ ಸೋತ್ವಿ ಅನ್ನೂ ಮಾತಿಲ್ಲ. ಸೋತ್ರೂ ನಮ್ಮವ್ರ ಮುಂದ!” ಕರ್ನಾಟಕ ಒಂದಾದಾಗ ಗದಗಿನಲ್ಲಿ ಮೆರವಣಿಗೆ, ಮನೆ ಮನೆಗೆ ದೀಪ, ಸಿಹಿ. ಮಾಮಾ ಕುಣಿಯುತ್ತ ಬಂದ. ನಾನೇ ಅಂದೆ: “ಛಲೋ ಆತು ಬಿಡು. ಇನ್ನ ಮೈಸೂರಿನವರೂ ಬಂದು ನಿಮ್ಮನ್ನ ಸೋಲಸ್ತಾರ!” ಸರಕಾರ ಮೂರು ಸಲ ಬದಲಾಯಿತು. ನನ್ನ ಒಲೆಯ ಮುಂದಿನ ಜಾಗ ಬದಲಾಗಲಿಲ್ಲ.

ವರ್ಷದ ಕೊನೆಯ ಪಂದ್ಯ ಮುಗಿದ ಮೇಲೆ ಕಟ್ಟೆಯ ಮೇಲೆ ವಿಚಾರಣೆ ನಡೆಯುತ್ತಿತ್ತು. ಈ ವರ್ಷ ಹೇಗಾಯಿತು, ಯಾಕಾಯಿತು, ಮುಂದೇನು! ಬೆಂಬಲಿಗರು ಮೊದಲು ಹದಿನೈದು ಮಂದಿ ಇದ್ದವರು ಸೋತು ಸೋತು ಮೂವರಿಗೆ ಇಳಿದಿದ್ದರು. ಒಬ್ಬ ಮುದಿ ಮಾಸ್ತರ. ಅವರ ಪ್ರಕಾರ ಹತ್ತು ವರ್ಷದ ತಪ್ಪೆಲ್ಲ ಗಾಳಿಯದು. ಮೊದಲರ್ಧದಲ್ಲೂ ಎದುರುಗಾಳಿ, ಜಾಗ ಬದಲಿಸಿದ ಮೇಲೂ ಎದುರುಗಾಳಿ. ಇನ್ನೊಬ್ಬ ಕಿರಾಣಿ ಅಂಗಡಿಯವ. ಅವನು ಪಂದ್ಯಕ್ಕೆ ತಡವಾಗಿ ಬಂದರೂ ಊಟಕ್ಕೆ ತಡವಾದದ್ದು ನಾನು ಕಂಡಿಲ್ಲ. ಮೂರನೆಯವನು ಬಡಿಗ. ಗೋಲಿನ ಕಂಬ ನಿಲ್ಲಿಸಿದವನೇ ಅವನಾದ್ದರಿಂದ, ಯಾರ ಚೆಂಡು ಒಳಗೆ ಹೋದರೂ ಅವನಿಗೆ ಖುಷಿ! ಮೂವರ ಮಾತು ಕೇಳಿ ಮಾಮಾ ಕೊನೆಗೆ ತೀರ್ಪು ಕೊಡುತ್ತಿದ್ದ. “ಸೋತದ್ದು ಖರೆ. ಆದರ ಸೋಲಿನಾಗ ಸುಧಾರಣಿ ಐತಿ. ಹ್ವಾದ ವರ್ಷ ಏಳು, ಈ ವರ್ಷ ಆರು.”

ನಾನು ಒಳಗಿನಿಂದಲೇ ಕೂಗುತ್ತಿದ್ದೆ. “ಆರನೇದ್ರ ಮ್ಯಾಲ ಅವ್ರಿಗೆ ಮೋಟಾರಿಗೆ ಹೊತ್ತಾತು, ಅದಕ್ಕ ಬಿಟ್ರು!”

“ಆಕಿ ಬಾಯಾಗ ಸುಳ್ಳು ಬರಂಗಿಲ್ಲ ನೋಡ್ರಿ,” ಎಂದು ಮಾಸ್ತರು ನಿಟ್ಟುಸಿರು ಬಿಡುತ್ತಿದ್ದರು. ಅದು ನನಗಿದ್ದ ಹೆಸರು. ಓಣಿಯಲ್ಲಿ ಏನೇ ತಕರಾರು ಬಂದರೂ ಸಾಕ್ಷಿಗೆ ನನ್ನನ್ನೇ ಕರೆಯುತ್ತಿದ್ದರು. ಊರು ದಾಟಿ ಲಕ್ಷ್ಮೇಶ್ವರದವರಿಗೂ ಗೊತ್ತಿತ್ತು. ಪಲ್ಯ ಹೊಗಳಿದವನಿಗೆ, “ಉಪ್ಪು ಹೆಚ್ಚಾಗೇತಿ, ಸುಮ್ನ ಉಣ್ಣು” ಎಂದವಳಲ್ಲವೇ ನಾನು!

ಕರ್ನಾಟಕ ಒಂದಾದ ಆ ಚಳಿಗಾಲದಲ್ಲೇ ಮಾಮಾನ ಕಣ್ಣು ಕೈಕೊಟ್ಟವು. ಮೊದಲು ಕಡಿದ ಎಳೆ ಕಾಣದಾಯಿತು, ಆಮೇಲೆ ಅಂಚಿನ ಬಣ್ಣ, ಆಮೇಲೆ ಎದುರಿಗೆ ನಿಂತವರು. ಡಾಕ್ಟರು ನೋಡಿ, ತಡವಾಯಿತು ಎಂದರು. ಮಗ್ಗದಿಂದ ಎದ್ದವನು ಮತ್ತೆ ಮಗ್ಗಕ್ಕೆ ಇಳಿಯಲಿಲ್ಲ. ದಿನವಿಡೀ ಗೋಡೆಗೆ ಒರಗಿ ಕೂತು, ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದ: “ಅಮಾಸಿ ಎಷ್ಟು ದಿನ ಐತಿ?”

ಯುಗಾದಿ ಅಮಾವಾಸ್ಯೆ ಬಂತು. ಗಂಡ ಆಡುವವನು, ಅತ್ತೆಗೆ ಮೊಣಕಾಲು. ಮಾಮಾನನ್ನು ಬಯಲಿಗೆ ಕರೆದೊಯ್ಯಲು ನಾನೇ ಹೊರಡಬೇಕಾಯಿತು. ಹೆಂಗಸರು ಕಾಲಿಡದ ಜಾಗ ಅದು. ಸೆರಗು ಹೊದ್ದು, ಅವನ ಕೈಯನ್ನು ನನ್ನ ಹೆಗಲ ಮೇಲೆ ಇಡಿಸಿಕೊಂಡು ಹೋದೆ. ಗೋಲಿನ ಹತ್ತಿರ ಕೂರಿಸು, ಸದ್ದಾದರೂ ಕೇಳುತ್ತೇನೆ ಎಂದ. ಲಕ್ಷ್ಮೇಶ್ವರದವರ ಗೋಲಿನ ಹಿಂದೆ, ನಡುವಿಗೆ ಸರಿಯಾಗಿ, ಒಂದು ಗೋಣಿ ಹಾಸಿ ಕೂರಿಸಿದೆ. ನಾನು ಎಡಗಡೆಯ ಕಂಬದ ಪಕ್ಕ ನಿಂತೆ. ಬಲೆಗಿಲೆ ಇರಲಿಲ್ಲ, ಬರೀ ಎರಡು ಕಂಬ. ಅರ್ಧ ಆಟಕ್ಕೆ ತಂಡಗಳು ಜಾಗ ಬದಲಿಸಿದಾಗ ನಾವೂ ಗೋಣಿ ಎತ್ತಿಕೊಂಡು ಆ ಕಡೆಯ ಗೋಲಿನ ಹಿಂದೆ ಹಾಗೇ ಹೋಗಿ ಸೇರಿದೆವು.

ಅವತ್ತು ನನ್ನ ಗಂಡನಿಗೆ ಏನಾಗಿತ್ತೋ, ಬಂದ ಚೆಂಡನ್ನೆಲ್ಲ ಹಿಡಿದ! ಯಾರೂ ಯಾರಿಗೂ ಗೋಲು ಹಾಕಲಿಲ್ಲ. ಇನ್ನೇನು ಆಟ ಮುಗಿಯಬೇಕು, ನಮ್ಮ ಹುಡುಗನೊಬ್ಬ ಎಡಕ್ಕೆ ಕೊಡುವುದನ್ನು ಮರೆತು ಕಣ್ಣು ಮುಚ್ಚಿ ನೇರ ಒದ್ದ. ಚೆಂಡು ಬರ್ರೆಂದು ಬಂದು, ನನ್ನಿಂದ ಒಂದು ಮೊಳ ಆಚೆಗೆ, ಕಂಬದ ಒಳಗಿನಿಂದಲೇ ಓರೆಯಾಗಿ ದಾಟಿತು. ಈ ಎರಡು ಕಣ್ಣಿನಿಂದ ನೋಡಿದೆ. ಧೂಳೆದ್ದಿತು. ಧೂಳು ಇಳಿದಾಗ ಚೆಂಡು ಬಹಳ ದೂರ, ಕಂಬದ ಹೊರಬದಿಯ ಜಾಲಿ ಕಂಟಿಯಲ್ಲಿ ಬಿದ್ದಿತ್ತು.

“ಗೋಲು!” ಎಂದು ನಮ್ಮವರು ಕುಣಿದರು. “ಹೊರಗ! ಚಂಡು ಎಲ್ಲಿ ಬಿದ್ದೈತಿ ನೋಡ್ರಿ!” ಎಂದು ಅವರು ಚೀರಿದರು. ಓಡಿ ಬಂದ ರೆಫ್ರಿ ಕಕ್ಕಾಬಿಕ್ಕಿ. ಆಗ ಲಕ್ಷ್ಮೇಶ್ವರದ ಹಿರಿಯನೇ ಮುಂದೆ ಬಂದ. “ಆ ಹೆಣ್ಣುಮಗಳು ಕಂಬದ ಹತ್ರನ ನಿಂತಿದ್ಲು. ನಿಮ್ಮವಳಾದ್ರೂ ಸುಳ್ಳು ಹೇಳಂಗಿಲ್ಲ. ಆಕಿ ಅಂದದ್ದು ನಮಗ ಒಪ್ಪಿಗಿ.”

ಹತ್ತು ವರ್ಷ ಕಾಯಿ ಒಡೆಸಿದ್ದು ಇದೇ ಗಳಿಗೆಗೆ. ‘ಒಳಗೆ’ ಎಂದು ಒಂದು ಮಾತು ಅಂದರೆ ಮುಗಿಯಿತು. ತಂಡವಿಲ್ಲ, ರೊಟ್ಟಿಯಿಲ್ಲ, ಪ್ರತಿ ಅಮಾವಾಸ್ಯೆಗೂ ಕಾಲು ಚಾಚಿ ಕೂರಬಹುದು. ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಮಾಮಾನ ದನಿ ಕೇಳಿತು, ನನಗೊಬ್ಬಳಿಗೇ ಕೇಳುವಷ್ಟು.

“ಹಂಗಾದ್ರ… ಮುಗೀತೇನು?”

ತಿರುಗಿ ನೋಡಿದೆ. ಎಲ್ಲರೂ ಕುಣಿಯುತ್ತಿದ್ದಾಗ ಅವನೊಬ್ಬ ಎದ್ದಿರಲಿಲ್ಲ. ಗೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ, ಯಾರೋ ಅದನ್ನು ಎಳೆದುಕೊಂಡು ಹೋಗಲು ಬಂದ ಹಾಗೆ.

“ಹೊರಗ ಹೋತು,” ಎಂದೆ.

ನಮ್ಮವರು ನನ್ನನ್ನು ನೋಡಿದ ನೋಟ ಏನು ಹೇಳಲಿ! ಗಂಡನಂತೂ ಯುಗಾದಿಯ ಬೇವು-ಬೆಲ್ಲದ ತನಕ ಮಾತು ಬಿಟ್ಟ. ಆ ಮನುಷ್ಯ ಚೆನ್ನಾಗಿ ಆಡಿದ ಒಂದೇ ಆಟ ಅದು, ಪಾಪ. ಗೆಲುವು ಕಸಿದುಕೊಂಡ ಪಾಪ ನನಗಿದೆ. ಇಲ್ಲ ಎನ್ನುವುದಿಲ್ಲ.

ಇನ್ನೂ ಬೆಳಕಿರುವಾಗಲೇ ಮಾಮಾನನ್ನು ಕರೆದುಕೊಂಡು ಮನೆಯ ಕಡೆ ಹೊರಟೆ. ಅರ್ಧ ದಾರಿ ಸಾಗಿದೆವು. ಆಗ ಅವನು ಮೆಲ್ಲಗೆ ಅಂದ.

“ಚಂಡು ನನ್ನ ಮೊಣಕಾಲಿಗೆ ಬಡೀತಲೇ. ಬಡದ ಆ ಕಡೆ ಸಿಡೀತು. ನೀ ನನ್ನ ನಟ್ಟನಡುವ ಕುಂಡ್ರಿಸಿದ್ದಿ. ಹೊರಗ ಹ್ವಾದ ಚಂಡು ನನಗ ಹೆಂಗ ಬಡೀತೈತಿ?”

ನಾನು ಅಲ್ಲೇ ನಿಂತೆ. “ಹಂಗಾದ್ರ ಅಲ್ಲೇ ಯಾಕ ಹೇಳಲಿಲ್ಲ?”

“ನನ್ನ ಯಾರು ಕೇಳಿದ್ರು? ಕಣ್ಣಿಲ್ಲದವನ್ನ ಯಾರರ ಸಾಕ್ಷಿ ಕೇಳತಾರೇನು?” ಎಂದು ಸ್ವಲ್ಪ ನಕ್ಕ. ನಗು ನಿಂತ ಮೇಲೆ, “ನೀ ಭಾಳ ದಣದೀ ಅಂತ ನನಗ ಗೊತ್ತೈತವ್ವಾ,” ಎಂದ.

ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಒಬ್ಬರೂ ನನಗೆ ಹಾಗೆ ಅಂದಿರಲಿಲ್ಲ.

“ಸುಮ್ನ ನಡಿ ಮಾಮಾ,” ಎಂದೆ. “ಮುಂದ ಕಲ್ಲು ಅದಾವು.”